ನಮ್ಮ ವಿದ್ಯಾರ್ಥಿಯೊಬ್ಬರ ತಾಯಿಗಾಗಿ

ಮಗಳು ಮೆಲ್ಬರ್ನಿನ ಲೂಥರನ್ ಯೂನಿವರ್ಸಿಟಿಗೆ ಸೇರುತ್ತೇನೆ ಎಂದ ದಿನ ನಾನು ಒಲೆ ಆರಿಸಿ ಕುರ್ಚಿಯ ಮೇಲೆ ಕೂತುಬಿಟ್ಟಿದ್ದೆ. ನಾವಿರುವ ಸಿಡ್ನಿಯ ಸ್ಕೋಫೀಲ್ಡ್ಸ್ ಬಡಾವಣೆಯ ಪರಿಚಯದವರ ಮಕ್ಕಳೆಲ್ಲ ಊರಲ್ಲೇ ಮೆಡಿಸಿನ್ನು, ಎಂಜಿನಿಯರಿಂಗು ಎಂದು ಓದುತ್ತಿರುವಾಗ ಇವಳು ಆರಿಸಿಕೊಂಡದ್ದು ಲಿಬರಲ್ ಆರ್ಟ್ಸ್. ತತ್ವಶಾಸ್ತ್ರ, ಸಂಗೀತ, ಜೀವಶಾಸ್ತ್ರ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ ಹಾಗೆ.

"ಅದನ್ನ ಓದಿ ಏನಾಗ್ತೀಯೇ?" ಎಂದು ಕೇಳಿದರೆ, "ಐ ಡೋಂಟ್ ನೋ ಯೆಟ್, ಅಮ್ಮ" ಎಂದು ನಕ್ಕಳು.

ಸಾಲದ್ದಕ್ಕೆ ಅದು ಕ್ರೈಸ್ತರ ಸಂಸ್ಥೆ. ವಾರವಾರವೂ ಚಾಪೆಲ್‌ನಲ್ಲಿ ಪ್ರಾರ್ಥನೆ. ಹೋಗಲೇಬೇಕೆಂದೇನಿಲ್ಲ ಎಂದು ಬರೆದಿದ್ದರು, ನಾನು ನಂಬಲಿಲ್ಲ. ನನ್ನ ಗಂಡ ಮಾತ್ರ, "ಹೋಗ್ಲಿ ಬಿಡೇ, ಇಷ್ಟಪಟ್ಟಿದಾಳೆ" ಎಂದರು. ಈ ಮನುಷ್ಯ ಜೀವನದಲ್ಲಿ ಯಾವುದಕ್ಕೆ ಬೇಡ ಎಂದಿದ್ದಾರೆ!

ಅವಳ ಎರಡನೆಯ ವರ್ಷದ ಕೊನೆಯಲ್ಲಿ ನನ್ನ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಕ್ಯಾನ್ಸರ್ ಎಂದರು. ಬೇಗ ಗೊತ್ತಾಗಿದೆ, ಮೂರು ವಾರಕ್ಕೆ ಆಪರೇಷನ್ ಮಾಡಿ ತೆಗೆಯುತ್ತೇವೆ ಎಂದರು. ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಗಂಡ ಸ್ಟೀರಿಂಗ್ ಹಿಡಿದುಕೊಂಡು ಅತ್ತರು. ನನಗೆ ಅಳುವುದಕ್ಕೂ ಪುರುಸೊತ್ತು ಕೊಡಲಿಲ್ಲ.

"ಮಗಳಿಗೆ ಹೇಳ್ಬೇಕಲ್ಲ?" ಎಂದರು.

"ಏನೂ ಬೇಡ. ಪರೀಕ್ಷೆ ಮುಗೀಲಿ."

ನಾವು ಬೆಳೆದದ್ದೇ ಹಾಗೆ. ಮೈಸೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನಾನು ಸೆಕೆಂಡ್ ಪಿಯುಸಿ ಪರೀಕ್ಷೆ ಬರೆಯುವಾಗ ನಂಜನಗೂಡಿನಲ್ಲಿ ನನ್ನ ಅಜ್ಜಿ ತೀರಿಕೊಂಡರು. ಕೊನೆಯ ಪೇಪರ್ ಮುಗಿಸಿ ಬಂದ ಮೇಲೆ, ಕೈಕಾಲು ತೊಳೆಸಿ, ಊಟ ಹಾಕಿ, ಆಮೇಲೆ ಹೇಳಿದರು. ಅಷ್ಟರಲ್ಲಿ ಅಲ್ಲಿ ಕರ್ಮಾಂತರವೆಲ್ಲ ಮುಗಿದುಹೋಗಿತ್ತು. ಯಾರೋ ತಪ್ಪು ಮಾಡಿದರೆಂದು ನನಗೆ ಆಗ ಅನ್ನಿಸಲೇ ಇಲ್ಲ. ಮಕ್ಕಳ ಮೇಲೆ ಪ್ರೀತಿ ಇರುವವರು ಹೀಗೇ ಮಾಡುತ್ತಾರೆ ಎಂದುಕೊಂಡಿದ್ದೆ.

ಆಪರೇಷನ್ ಬುಧವಾರ. ಅದಕ್ಕೆ ಮುಂಚಿನ ಶನಿವಾರ ಮಗಳ ಯೂನಿವರ್ಸಿಟಿಯಲ್ಲಿ ಪೋಷಕರ ದಿನ. ಒಂದು ಸಲ ಅವಳ ಮುಖ ನೋಡಿಕೊಂಡು ಬರಬೇಕು ಅನ್ನಿಸಿತು. ಶುಕ್ರವಾರ ಹೊರಟು ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿರುವ ಸ್ನೇಹಿತರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಅವರ ಕಾರಿನಲ್ಲೇ ಹೋಗುವಾಗ ದಾರಿಯುದ್ದಕ್ಕೂ ಗಂಡನಿಗೆ ಪಾಠ ಹೇಳಿದೆ: ಕಣ್ಣಲ್ಲಿ ನೀರು ಹಾಕಬಾರದು, ನನ್ನ ಬ್ಯಾಗು ಹೊರಲು ಬರಬಾರದು, "ಸುಸ್ತಾಯ್ತಾ" ಎಂದು ಕೇಳಬಾರದು.

ಮಗಳು ಎಲ್ಲವನ್ನೂ ತೋರಿಸಿದಳು. ಒಂದು ಕೋಣೆಯಲ್ಲಿ ಅಕ್ಕಿ, ಬೇಳೆ, ಪಾಸ್ತಾ ಜೋಡಿಸಿಟ್ಟಿದ್ದರು. ಕೈ ಬರಿದಾದ ವಿದ್ಯಾರ್ಥಿ ಯಾರನ್ನೂ ಕೇಳದೆ, ಎಲ್ಲೂ ಹೆಸರು ಬರೆಯದೆ ತೆಗೆದುಕೊಂಡು ಹೋಗಬಹುದಂತೆ. ಇನ್ನೊಂದು ಕೋಣೆಯಲ್ಲಿ ನಿರಾಶ್ರಿತರ ಮಕ್ಕಳಿಗೆ ವಾರಕ್ಕೊಮ್ಮೆ ಇವರೇ ಹೋಂವರ್ಕ್ ಹೇಳಿಕೊಡುತ್ತಾರೆ. ಮನಸ್ಸಿಗೆ ಬೇಜಾರಾದರೆ ಹೋಗಿ ಕೂತು ಮಾತಾಡಲು ಮತ್ತೊಂದು ಕೋಣೆ. ಎಲ್ಲ ಚೆನ್ನಾಗಿಯೇ ಇತ್ತು, ಅದೇ ನನಗೆ ಸಿಟ್ಟು. ಮನಸ್ಸಿಗೆ ಬೇಜಾರಾದರೆ ಮನೆಗೆ ಫೋನ್ ಮಾಡಬೇಕಪ್ಪ, ಕೋಣೆ ಯಾಕೆ?

ಅಷ್ಟರಲ್ಲಿ ಪಾಸ್ಟರ್ ಬಂದರು. ಜೀನ್ಸ್ ತೊಟ್ಟ, ನನ್ನದೇ ವಯಸ್ಸಿನ ಹೆಂಗಸು! ಪಾದ್ರಿ ಎಂದರೆ ಬಿಳಿ ನಿಲುವಂಗಿಯ ಮುದುಕರು ಎಂದುಕೊಂಡಿದ್ದ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಕೆ ಮಗಳ ಭುಜದ ಮೇಲೆ ಕೈಯಿಟ್ಟು ಏನೋ ಕೇಳಿದರು, ಇವಳು ಹೂಂ ಎಂದು ತಲೆಯಾಡಿಸಿದಳು. ಇವಳನ್ನು ಮತಕ್ಕೆ ಸೇರಿಸಿಕೊಂಡೇಬಿಟ್ಟಿದ್ದಾರೆ, ಸಂಶಯವೇ ಇಲ್ಲ.

ಚಾಪೆಲ್‌ನೊಳಗೆ ಹೋದರೆ ಮಗಳು ನಮ್ಮ ಪಕ್ಕ ಕೂರದೆ ಹಾಡುವವರ ಜೊತೆ ಹೋಗಿ ನಿಂತಳು. ಹಾಡು ಮುಗಿದ ಮೇಲೆ ಪಾಸ್ಟರ್ ಒಂದು ಚೀಟಿ ಹಿಡಿದು ಓದತೊಡಗಿದರು. ಒಂದೊಂದು ಕೋರಿಕೆಗೂ ಜನ, "ದೇವರೇ, ನಮ್ಮ ಪ್ರಾರ್ಥನೆ ಕೇಳು" ಎಂದು ಇಂಗ್ಲಿಷಿನಲ್ಲಿ ದನಿಗೂಡಿಸುತ್ತಿದ್ದರು. ಯುದ್ಧ ನಡೆಯುವ ದೇಶಗಳಿಗಾಗಿ, ಪರೀಕ್ಷೆ ಬರೆಯುವವರಿಗಾಗಿ. ಆಮೇಲೆ, "ಬರುವ ಬುಧವಾರ ಸಿಡ್ನಿಯಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಹೋಗುತ್ತಿರುವ, ನಮ್ಮ ವಿದ್ಯಾರ್ಥಿಯೊಬ್ಬರ ತಾಯಿಗಾಗಿ."

ಅಯ್ಯೋ ಪಾಪ, ನನ್ನ ಹಾಗೇ ಇನ್ನೊಬ್ಬಳು, ಅದೂ ಅದೇ ಬುಧವಾರ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡು ಎಲ್ಲರ ಜೊತೆ ನಾನೂ "ಪ್ರಾರ್ಥನೆ ಕೇಳು" ಎಂದೆ. ಆಮೇಲೆ ಗಂಡ ನನ್ನ ಮೊಣಕೈ ಹಿಡಿದರು. ತಲೆಯೆತ್ತಿದರೆ ಹಾಡುವವರ ಸಾಲಿನಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ಕ್ಯಾನ್ಸರ್ ಎಂದು ಡಾಕ್ಟರ್ ಹೇಳಿದಾಗಲೂ ನನಗೆ ಅಷ್ಟು ಗಾಬರಿಯಾಗಿರಲಿಲ್ಲ.

ಹೊರಗೆ ಹುಲ್ಲಿನ ಮೇಲೆ ಕಾಫಿ ಕೊಡುತ್ತಿದ್ದರು. ಮಗಳು ಬರುವಷ್ಟರಲ್ಲಿ ನನ್ನ ಗಾಬರಿ ಕೋಪವಾಗಿತ್ತು.

"ನೀವು ಹೇಳಿದ್ರಾ?" ಎಂದು ಗಂಡನ ಮೇಲೆ ಹರಿಹಾಯ್ದೆ. ಅವರು ದೇವರಾಣೆ ಇಲ್ಲ ಎಂದರು.

"ಅಪ್ಪ ಹೇಳ್ಲಿಲ್ಲ. ಕ್ಯಾಲೆಂಡರ್" ಎಂದಳು ಮಗಳು.

ನಮ್ಮ ಮೂವರ ಫೋನಿಗೂ ಒಂದೇ ಕ್ಯಾಲೆಂಡರ್, ಅವಳೇ ಮಾಡಿಕೊಟ್ಟದ್ದು. ನನಗೆ ಅದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ 'ಎದೆಯ ಶಸ್ತ್ರಚಿಕಿತ್ಸೆ, ಬೆಳಿಗ್ಗೆ ಏಳು' ಎಂದು ಕನ್ನಡದಲ್ಲಿ ಬರೆದಿದ್ದೆ. ಮೂರು ವರ್ಷ ಭಾನುವಾರದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋದರೂ ಒತ್ತಕ್ಷರ ಕಂಡರೆ ಪುಸ್ತಕ ಮುಚ್ಚುತ್ತಿದ್ದ ಹುಡುಗಿ. ಕನ್ನಡದಲ್ಲಿ ಬರೆದರೆ ಬೀಗ ಹಾಕಿದ ಹಾಗೆ ಎಂದು ನಂಬಿದ್ದೆ.

"ಎದೆ ಗೊತ್ತಾಯ್ತು. ಶಸ್ತ್ರ ಅಂದ್ರೆ ವೆಪನ್. ಚಿಕಿತ್ಸೆ ಓದಕ್ಕೆ ತುಂಬಾ ಹೊತ್ತಾಯ್ತು, ಅಮ್ಮ. ಗೊತ್ತಾಗಿ ಟೂ ವೀಕ್ಸ್ ಆಯ್ತು."

"ನನ್ನನ್ನ ಒಂದು ಮಾತು ಕೇಳಕ್ಕೇನಾಗಿತ್ತು? ಊರಿಗೆಲ್ಲ ಹೇಳಿದೀಯಲ್ಲೇ!"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಎವ್ರಿ ಡೇ. ನೀನು ಫೋನಲ್ಲಿ ಏನು ತಿಂದೆ ಅಂತ ಮಾತ್ರ ಕೇಳ್ತಿದ್ದೆ. ಯಾರಿಗಾದ್ರೂ ಹೇಳ್ಲೇಬೇಕಿತ್ತು, ಸೋ ಐ ಟೋಲ್ಡ್ ದೆಮ್. ಹೆಸರು ಹೇಳ್ದೆ ಓದಿದ್ರೆ ನಿಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

ಮತ ಬದಲಾಯಿತೆಂದು ನಾನು ಹೆದರಿದ್ದ ಕಡೆ ಅವಳು ಹೋಗಿ ಅತ್ತಿದ್ದಳು, ಅಷ್ಟೇ.

"ಮಂಗಳವಾರ ನಿಮ್ ಜೊತೆ ಇರ್ತೀನಿ. ಫ್ಲೈಟ್ ಬುಕ್ ಮಾಡಾಗಿದೆ. ಎಕ್ಸಾಮ್ ಮುಂದಕ್ಕೆ ಹಾಕಿಸ್ಕೊಂಡಿದೀನಿ, ಸ್ಟೂಡೆಂಟ್ ಸರ್ವಿಸಸ್ ಅವ್ರೇ ಮಾಡ್ಕೊಟ್ರು."

"ನಂಗೆ ಇವತ್ತು ಗೊತ್ತಾಗದೇ ಇದ್ದಿದ್ರೆ? ಏನಂತ ಬರ್ತಿದ್ದೆ?"

ಅವಳು ಸ್ವಲ್ಪ ನಾಚಿಕೊಂಡಳು. "ಎಕ್ಸಾಮ್ ಪೋಸ್ಟ್‌ಪೋನ್ ಆಯ್ತು, ಸುಮ್ನೆ ಬಂದೆ ಅಂತ. ನಂಗೆ ಗೊತ್ತಿದೆ ಅಂತ ಗೊತ್ತಾದ್ರೆ ನೀನು ಹೆದರ್ಕೋತೀಯ ಅಂತ."

ಹತ್ತೊಂಬತ್ತು ವರ್ಷದ ಹುಡುಗಿ ನನಗೋಸ್ಕರ ಸುಳ್ಳು ಹೊಂದಿಸಿಕೊಂಡು ಕೂತಿದ್ದಳು. ಏನಿಲ್ಲ ಕಣೇ, ಸಣ್ಣ ಆಪರೇಷನ್, ನೀನು ಓದಿಕೋ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಅದು ಬರಲಿಲ್ಲ.

"ಭಯ ಆಗ್ತಿದೆ ಪುಟ್ಟಿ. ತುಂಬಾ ಭಯ ಆಗ್ತಿದೆ" ಎಂದೆ, ಅಷ್ಟೂ ಜನರ ನಡುವೆ ನಿಂತುಕೊಂಡು.

ಅವಳು ಎರಡೂ ಕೈ ಚಾಚಿಕೊಂಡು ಹತ್ತಿರ ಬಂದವಳು ಹಾಗೇ ನಿಂತಳು. "ಯಾವ ಕಡೆ, ಅಮ್ಮ?" ಎಂದು ಮೆಲ್ಲಗೆ ಕೇಳಿದಳು.

"ಎಡಗಡೆ" ಎಂದೆ. ಅವಳು ಬಲಗಡೆಯಿಂದ ಬಂದು ತಬ್ಬಿಕೊಂಡಳು.