ಪ್ಲಗ್ ಕಿತ್ತು ನೋಡಿದವನು

ನನ್ನ ಅಂಗಡಿಯಲ್ಲಿ ಮೊಳೆ ತೂಕಕ್ಕೆ ಸಿಗುತ್ತದೆ, ಬಣ್ಣ ಡಬ್ಬಿ ಲೆಕ್ಕದಲ್ಲಿ ಸಿಗುತ್ತದೆ, ಅಭಿಪ್ರಾಯ ಪುಕ್ಕಟೆ. ಮೂರನೆಯ ಸರಕಿನ ಸರಬರಾಜು ನನ್ನದಲ್ಲ. ಅದನ್ನು ತಂದು ಸುರಿಯುವವನು ತೂಕದ ಯಂತ್ರ ರಿಪೇರಿ ಮಾಡುವ ನನ್ನ ಹಳೆಯ ಸ್ನೇಹಿತ. ಬೀದಿಗೆಲ್ಲ ಅವನು ‘ತಿದ್ದುಪಡಿ’. ಇಪ್ಪತ್ತೆರಡು ವರ್ಷ ಹಾಗೇ ಕರೆದೂ ಕರೆದೂ, ಯಾರಾದರೂ ಅವನ ನಿಜವಾದ ಹೆಸರು ಕೇಳಿದರೆ ನಾನೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತೇನೆ.

ಐವತ್ತೆಂಟು ವಯಸ್ಸಿನ ತೆಳ್ಳನೆಯ ಆಳು. ಎದೆಯ ಜೇಬಿನಲ್ಲಿ ನಾಲ್ಕು ಸ್ಕ್ರೂಡ್ರೈವರ್, ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮಖಮಲ್ಲಿನ ಗುಳಿಗಳಲ್ಲಿ ಮಲಗಿಸಿದ ತೂಕದ ಬಟ್ಟುಗಳು, ಐದು ಕಿಲೋದಿಂದ ಹಿಡಿದು ಒಂದು ಗ್ರಾಂವರೆಗೆ. ಚಿಕ್ಕವನ್ನು ಅವನು ಬೆರಳಿನಿಂದ ಮುಟ್ಟುವುದಿಲ್ಲ, ಚಿಮಟದಲ್ಲಿ ಎತ್ತುತ್ತಾನೆ. ಬೆರಳಿನ ಜಿಡ್ಡಿಗೂ ತೂಕ ಇದೆಯಂತೆ. ಮಾತಿನ ವಿಷಯದಲ್ಲಿ ಮಾತ್ರ ಇಷ್ಟು ನಾಜೂಕು ಅವನಿಗೆ ಯಾವತ್ತೂ ಇರಲಿಲ್ಲ.

ಮೊಳೆ ಮಾರುವ ಅಂಗಡಿಯ ತೂಕದ ಯಂತ್ರ ತಿಂಗಳಿಗೆರಡು ಸಲವಾದರೂ ಹಟ ಹಿಡಿಯುತ್ತದೆ. ಎಲ್ಲೋ ಒಂದು ಮೊಳೆ ಜಾರಿ ತಟ್ಟೆಯ ಕೆಳಗೆ ಸೇರಿಕೊಂಡಿರುತ್ತದೆ. ಅವನು ಬರುತ್ತಾನೆ, ತಟ್ಟೆ ಕಳಚುತ್ತಾನೆ, ಉಫ್ ಎಂದು ದೂಳು ಊದುತ್ತಾನೆ, ನಡುವೆ ನಾನು ಗಲ್ಲಾದ ಮೇಲೆ ಹರಡಿದ ಪೇಪರನ್ನು ಆ ಕಡೆಯಿಂದ ತಲೆಕೆಳಗಾಗಿಯೇ ಓದುತ್ತಾನೆ. ಆಮೇಲೆ ಶುರು. ಸುದ್ದಿ ತಪ್ಪು ಎಂದು ಅವನು ಎಂದೂ ಹೇಳುವುದಿಲ್ಲ. “ಸುದ್ದಿ ಸರಿಯಾಗೇ ಇದೆ ಯಜಮಾನ್ರೇ, ಒಂದು ಸಣ್ಣ ತಿದ್ದುಪಡಿ ಅಷ್ಟೆ” ಎನ್ನುತ್ತಾನೆ. ಆ ಸಣ್ಣ ತಿದ್ದುಪಡಿ ಮುಗಿಯುವಷ್ಟರಲ್ಲಿ ಸುದ್ದಿಯಲ್ಲಿ ತಾರೀಖು ಬಿಟ್ಟು ಬೇರೇನೂ ಉಳಿದಿರುವುದಿಲ್ಲ.

ಪಕ್ಕದ ಬೇಕರಿಯವನು ಒಮ್ಮೆ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕಂತೆ, ತನ್ನ ಫೋನು ಎಣಿಸಿ ಹೇಳುತ್ತದೆ ಎಂದು ಜಂಬ ಕೊಚ್ಚಿದ. ತಿದ್ದುಪಡಿ ಆ ಫೋನನ್ನು ಇಸಿದುಕೊಂಡು ಬೇಕರಿಯ ಹಿಟ್ಟು ಕಲಸುವ ಯಂತ್ರದ ಮೇಲಿಟ್ಟು ಬಂದ. ಅರ್ಧ ಗಂಟೆಯಲ್ಲಿ ಫೋನು ಒಂದೂವರೆ ಸಾವಿರ ಹೆಜ್ಜೆ ನಡೆದು, ಯಜಮಾನನಿಗೆ ಶಹಬಾಸ್ ಕೂಡ ಹೇಳಿತು. ಎಲ್ಲರೂ ದಿನಕ್ಕೆ ಇಷ್ಟೇ ಲೀಟರ್ ನೀರು ಕುಡಿಯಬೇಕು ಎಂಬ ಲೇಖನಕ್ಕೆ, ಫ್ಯಾನಿನ ಕೆಳಗೆ ಕೂತವನಿಗೂ ಸಿಮೆಂಟ್ ಮೂಟೆ ಹೊರುವವನಿಗೂ ಒಂದೇ ಅಳತೆ ಕೊಟ್ಟವನು ತೂಕದ ಕಸುಬಿಗೆ ಬಂದಿದ್ದರೆ ಮೂರು ದಿನ ಬಾಳುತ್ತಿರಲಿಲ್ಲ ಎಂದ. ಈಗಿನ ಜನ ಒಬ್ಬರ ಹತ್ತಿರ ಒಬ್ಬರು ಮಾತಾಡುವುದನ್ನೇ ಬಿಟ್ಟಿದ್ದಾರೆ ಎಂದು ಸಮೀಕ್ಷೆಯೊಂದು ಹೇಳಿದಾಗ, ಹಾಗಾದರೆ ಸಮೀಕ್ಷೆಯವರಿಗೆ ಅದನ್ನು ಹೇಳಿದವರು ಯಾರು ಎಂದು ಕೇಳಿದ. ಆವತ್ತು ಸ್ಕ್ರೂ ಕೊಳ್ಳಲು ಬಂದವರು ಸ್ಕ್ರೂ ಮರೆತು ನಕ್ಕುಕೊಂಡು ಹೋದರು. ವ್ಯಾಪಾರಕ್ಕೆ ಇದರಿಂದ ಲಾಭವೋ ನಷ್ಟವೋ ನನಗಿನ್ನೂ ಗೊತ್ತಾಗಿಲ್ಲ.

ಇಷ್ಟು ವರ್ಷದಲ್ಲಿ ಅವನು ತಿದ್ದದೇ ಬಿಟ್ಟ ಒಂದೇ ಒಂದು ವಿಷಯವೆಂದರೆ ತಾನು ಹೇಳಿದ ಮಾತು. ಆಡಿದ್ದನ್ನು ವಾಪಸ್ ತೆಗೆದುಕೊಂಡದ್ದನ್ನು ನಾನಂತೂ ನೋಡಿರಲಿಲ್ಲ.

ಅವನಿಗೊಬ್ಬಳು ಅಕ್ಕ. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು, ಅಮ್ಮ ಹೋದ ಮೇಲೆ ಅವನನ್ನು ಸಾಕಿ ಮನುಷ್ಯನನ್ನಾಗಿ ಮಾಡಿದವಳು. ಇಬ್ಬರೂ ಮದುವೆಯ ತಂಟೆಗೆ ಹೋಗಲಿಲ್ಲ. ಬೇಕರಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆ ತುಂಬ ಇವನ ಬಿಚ್ಚಿಟ್ಟ ತಕ್ಕಡಿಗಳು, ಹಿಂದಿನದರಲ್ಲಿ ಅವಳ ಹೊಲಿಗೆ ಯಂತ್ರ. ನಲವತ್ತು ವರ್ಷ ಶಾಲೆಯ ಮಕ್ಕಳ ಅಂಗಿ ಹೊಲಿದವಳು. ಎಡಗಣ್ಣು ಹುಟ್ಟಿನಿಂದಲೇ ಮಂಜು, ಅಷ್ಟೂ ಕೆಲಸ ಮಾಡಿದ್ದು ಬಲಗಣ್ಣು ಒಂದೇ. ಆ ಬಲಗಣ್ಣಿಗೇ ಈಗ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸುವುದು ನಿಂತು ವರ್ಷವಾಗಿತ್ತು, ಗುಂಡಿಯನ್ನು ತಡವಿ ಎಣಿಸುತ್ತಿದ್ದಳು. ಒಂದು ಮಧ್ಯಾಹ್ನ ಬಾಗಿಲ ಹಿಂದೆ ನೇತುಹಾಕಿದ್ದ ತಮ್ಮನ ರೇನ್‌ಕೋಟಿಗೆ ಊಟಕ್ಕೆ ಬಾರೋ ಎಂದು ಎರಡು ಸಲ ಕರೆದು, ಮೂರನೆಯ ಸಲ ಚೆನ್ನಾಗಿ ಬೈದಿದ್ದಳಂತೆ. ತಿದ್ದುಪಡಿ ಇದನ್ನು ತಮಾಷೆಯಾಗಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿ, ಯಂತ್ರದೊಳಗೆ ತಲೆ ತೂರಿಸಿಕೊಂಡ.

ಕಣ್ಣಿನ ಆಸ್ಪತ್ರೆಯಲ್ಲಿ ಮಂಗಳವಾರಕ್ಕೆ ಆಪರೇಷನ್ ಗೊತ್ತಾಯಿತು. ತಡ ಮಾಡಿದರೆ ಪೊರೆ ಇನ್ನೂ ಗಟ್ಟಿಯಾಗುತ್ತದೆ, ಆಮೇಲೆ ತೆಗೆಯುವುದು ಕಷ್ಟ ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದರು. ಅಕ್ಕ ಒಪ್ಪಿದಳು. ಎಲ್ಲ ಸರಿಯಾಗಿತ್ತು.

ಗುರುವಾರ ಪೇಪರಿನ ಒಳಪುಟದಲ್ಲಿ ಬಂದ ಒಂದು ಸುದ್ದಿ ಕೆಲಸ ಕೆಡಿಸಿತು. ಎಲ್ಲೋ ದೂರದಲ್ಲಿ ಕಣ್ಣಿನ ಪೊರೆ ತೆಗೆಯಲು ರೋಬೋಟನ್ನು ಪರೀಕ್ಷೆ ಮಾಡುತ್ತಿದ್ದಾರಂತೆ. ಬೇಕರಿಯವನು ಅದನ್ನು ಜೋರಾಗಿ ಓದಿದ. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು, ಎಂದರೆ ತಿದ್ದುಪಡಿಗೆ ಸಭೆ ತುಂಬಿತ್ತು. ಸ್ಕ್ರೂಡ್ರೈವರ್ ಕೆಳಗಿಟ್ಟ.

“ರೋಬೋಟಿಗೆ ಸೀನು ಬರಲ್ಲ, ಕೈ ನಡುಗಲ್ಲ, ಅದೆಲ್ಲ ಸರಿ. ಒಂದು ಸಣ್ಣ ತಿದ್ದುಪಡಿ. ಕರೆಂಟ್ ಒಂದು ಸಲ ಕಣ್ಣು ಮಿಟುಕಿಸಿದ್ರೆ ಈ ಯಜಮಾನರ ತೂಕದ ಯಂತ್ರ ಎರಡು ಕಿಲೋ ಮೊಳೇನ ಸೊನ್ನೆ ಅನ್ನುತ್ತೆ. ಅದೇ ಜಾತಿ ಯಂತ್ರ ಒಳಗೆ ಕೈ ಹಾಕಿರೋವಾಗ ಕರೆಂಟ್ ಹೋದ್ರೆ, ಕಣ್ಣೂ ಸೊನ್ನೆ.”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಈಗ ಒಪ್ಪಿಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ಅಕ್ಕ ಬ್ರೆಡ್ ತರಲು ಹೋದಾಗ ಬೇಕರಿಯವನು ಅವಳನ್ನೂ ನಗಿಸೋಣವೆಂದು ಅದನ್ನೇ ಹೇಳಿದ, ತಮ್ಮನ ದನಿ ಅನುಕರಿಸಿ. ಅವಳು ನಗಲಿಲ್ಲ. ಬ್ರೆಡ್ ತೆಗೆದುಕೊಂಡು ಮನೆಗೆ ಹೋಗಿ, ಪಕ್ಕದ ಮನೆಯವರ ಕೈಯಿಂದ ಆಸ್ಪತ್ರೆಗೆ ಫೋನ್ ಮಾಡಿಸಿ, ಮಂಗಳವಾರ ಬರುವುದಿಲ್ಲ ಎಂದು ತಿಳಿಸಿಬಿಟ್ಟಳು.

ತಿದ್ದುಪಡಿ ಎರಡು ದಿನ ಹೆಣಗಾಡಿದ. ಅದು ಬೇರೆ ಸುದ್ದಿ, ಬೇರೆ ಊರು, ನಮ್ಮ ಆಸ್ಪತ್ರೆಗೂ ಅದಕ್ಕೂ ಸಂಬಂಧ ಇಲ್ಲ ಎಂದ. ಆಸ್ಪತ್ರೆಯ ಬಣ್ಣದ ಕರಪತ್ರ ತಂದು ಓದಿ ಹೇಳಿದ. ಅವಳು ಎಲ್ಲ ಕೇಳಿಸಿಕೊಂಡು, ಅನ್ನ ಆರ್ತಾ ಇದೆ ಉಣ್ಣು ಎಂದಳಂತೆ. ಭಾನುವಾರ ನನ್ನ ಹತ್ತಿರ ಬಂದ. ಯಾವ ಸುದ್ದಿಯ ಬಗ್ಗೆಯೂ ಮಾತೆತ್ತಲಿಲ್ಲ, ಪೇಪರಿನ ಕಡೆ ನೋಡಲೂ ಇಲ್ಲ. ಬಟ್ಟುಗಳ ಪೆಟ್ಟಿಗೆ ತೆರೆಯುವುದು, ಮುಚ್ಚುವುದು ಮಾಡುತ್ತ ಕೂತಿದ್ದು ಕೊನೆಗೆ ನೀವೊಂದು ಮಾತು ಹೇಳಿ ನೋಡಿ ಎಂದ. ಇಪ್ಪತ್ತೆರಡು ವರ್ಷದಲ್ಲಿ ಅವನು ನನ್ನಿಂದ ಮಾತು ಸಾಲ ಕೇಳಿದ್ದು ಅದೇ ಮೊದಲು. ಹೋದೆ.

ಅಕ್ಕ ಗೋಡೆ ಹಿಡಿದುಕೊಂಡು ಬಂದು ಕುರ್ಚಿ ತೋರಿಸಿದಳು. ನಾನು ಕೂರುವ ಮುಂಚೆಯೇ ವಿಷಯಕ್ಕೆ ಬಂದಳು.

“ಅವನು ಕಳಿಸಿದ್ನಾ?”

“ಹೌದು ಅಕ್ಕಾ. ಅವನು ಹೇಳಿದ್ದು ಬರೀ ತಮಾಷೆಗೆ.”

“ನೋಡಪ್ಪ, ಮನೇಲಿ ಅವನು ನನ್ನ ಸಮಾಧಾನಕ್ಕೆ ಮಾತಾಡ್ತಾನೆ. ಉಪ್ಪು ಜಾಸ್ತಿ ಆದ ಸಾರನ್ನೂ ಚೆನ್ನಾಗಿದೆ ಅಂತಾನೆ. ಮನಸ್ಸಲ್ಲಿ ಇರೋದನ್ನ ಹೇಳೋದು ನಿನ್ನ ಅಂಗಡೀಲಿ. ಅಂಗಡೀಲಿ ಹೇಳಿದ್ದನ್ನ ಇಲ್ಲಿ ಬಂದು ಅಲ್ಲ ಅಂದ್ರೆ ನಾನು ಯಾವುದನ್ನ ನಂಬಲಿ? ನನಗಿರೋದು ಒಂದೇ ಕಣ್ಣು.”

ಹಾಗಾದರೆ ಅವನೇನು ಮಾಡಬೇಕು ಎಂದು ಕೇಳಿದೆ. ಅವಳು ತಮ್ಮ ಮರದ ಪೆಟ್ಟಿಗೆ ಇಡುವ ಮೂಲೆಯ ಕಡೆ ಕೈ ಮಾಡಿದಳು. ಕೈ ಮಾಡಿದ್ದು ಪಕ್ಕದ ನೀರಿನ ಹೂಜಿಯ ಕಡೆಗೆ, ಆದರೆ ನನಗೆ ಅರ್ಥವಾಯಿತು.

“ಆ ಬಟ್ಟುಗಳನ್ನ ವರ್ಷಾ ವರ್ಷಾ ತೂಕ ಅಳತೆ ಆಫೀಸಿಗೆ ಹೊತ್ಕೊಂಡು ಹೋಗಿ ತೂಗಿಸ್ಕೊಂಡು ಮುದ್ರೆ ಹಾಕಿಸ್ಕೊಂಡು ಬರ್ತಾನೆ. ಜ್ವರ ಇದ್ರೂ ಹೋಗ್ತಾನೆ. ಕಬ್ಬಿಣ ಸವೆಯುತ್ತೆ ಅಕ್ಕಾ, ಬೇರೆಯವರದ್ದನ್ನ ತಿದ್ದೋ ಮುಂಚೆ ನಮ್ಮದು ಸರಿ ಇದೆಯಾ ನೋಡ್ಕೋಬೇಕು ಅಂತಾನೆ. ಕಬ್ಬಿಣಾನೇ ಸವೆದ್ರೆ ನಾಲಿಗೆ ಸವೆಯಲ್ವಾ? ಅದನ್ನೂ ಒಂದು ಸಲ ತೂಗಿಸ್ಕೊಂಡು ಬರಲಿ. ಬಂದು ಅದೇ ಅಂಗಡೀಲಿ, ಅದೇ ಜನರ ಮುಂದೆ ಹೇಳಲಿ. ನಾನೂ ಬಂದು ಕೂತ್ಕೊಂಡು ಕೇಳ್ತೀನಿ.”

ಮಾತನ್ನು ಒಂದು ಗ್ರಾಂ ಕಡಿಮೆಯಾಗದಂತೆ ಅವನಿಗೆ ತಲುಪಿಸಿದೆ. ಅವನು ಪೆಟ್ಟಿಗೆ ಮುಚ್ಚಿ, ನಾಳೆ ಬೆಳಿಗ್ಗೆ ಯಾರಾದರೂ ಕೇಳಿದರೆ ನಾನು ಸಿಗುವುದಿಲ್ಲ ಎಂದು ಹೇಳಿ ಎಂದ.

ಸೋಮವಾರ ಅವನು ಕಣ್ಣಿನ ಆಸ್ಪತ್ರೆಗೆ ಹೋದ. ಡಾಕ್ಟರನ್ನು ಕಾಣಲು ಹೋಗಲಿಲ್ಲ. ಯಂತ್ರದ ವಿಷಯ ಯಂತ್ರದವನಿಗೇ ಗೊತ್ತು ಎಂಬುದು ಅವನ ಸಿದ್ಧಾಂತ. ಅಲ್ಲಿಯ ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕನ್ನು ಹುಡುಕಿ, ತಾನೂ ಅದೇ ಕುಲದವನೆಂದು ಪರಿಚಯ ಹೇಳಿಕೊಂಡ. ಹತ್ತು ನಿಮಿಷದಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಫ್ಯೂಸುಗಳ ಗುಣಮಟ್ಟ ಹಾಳಾಗಿರುವುದರ ಬಗ್ಗೆ ಒಮ್ಮತಕ್ಕೆ ಬಂದಿದ್ದರು. ಮೆಕ್ಯಾನಿಕ್ ಅವನನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ, ತಪಾಸಣೆಗೆಂದು ತಂದಿಟ್ಟಿದ್ದ ಪೊರೆ ತೆಗೆಯುವ ಯಂತ್ರವನ್ನು ತೋರಿಸಿದ. ಕರೆಂಟ್ ಹೋದರೆ ಬ್ಯಾಟರಿ ಇದೆ, ಕಟ್ಟಡಕ್ಕೆಲ್ಲ ಜನರೇಟರ್ ಬೇರೆ ಇದೆ ಎಂದ. ಬಾಯಿಮಾತಿಗೆ ಒಪ್ಪುವ ಗಿರಾಕಿಯಲ್ಲ ಇವನು. ಬಗ್ಗಿ ಪ್ಲಗ್ ಕಿತ್ತ. ಪರದೆ ಮಿಟುಕಲೂ ಇಲ್ಲ. ಕೈಗಡಿಯಾರ ನೋಡುತ್ತ ನಿಂತುಬಿಟ್ಟ. ಮೆಕ್ಯಾನಿಕ್ ಸಾಕು ಎಂದ, ಇವನು ಇನ್ನೊಂದೈದು ನಿಮಿಷ ಎಂದ. ಇಪ್ಪತ್ತನೆಯ ನಿಮಿಷದಲ್ಲಿ ಡಾಕ್ಟರಮ್ಮ ಬಂದರು.

ಪ್ಲಗ್ ಕಿತ್ತವರು ಯಾರು ಎಂದು ಅವರು ಕೇಳಿದಾಗ ಮೆಕ್ಯಾನಿಕ್ ಚಾವಣಿ ನೋಡಿದನಂತೆ. ಇವನು ತಾನು ಮಂಗಳವಾರದ ಆಪರೇಷನ್ ಬೇಡವೆಂದ ಅಕ್ಕನ ತಮ್ಮ ಎಂದು ಹೇಳಿ, ನಡೆದದ್ದನ್ನೆಲ್ಲ ಒಪ್ಪಿಸಿದ, ಕಣ್ಣೂ ಸೊನ್ನೆ ಎಂಬಲ್ಲಿವರೆಗೆ. ಇಲ್ಲಿ ರೋಬೋಟ್ ಇಲ್ಲ, ಪೊರೆಯನ್ನು ಸಣ್ಣ ಕಂಪನದಿಂದ ಪುಡಿ ಮಾಡಿ ಹೀರಿಕೊಳ್ಳುವುದು ಇದರ ಕೆಲಸ, ತುದಿ ಹಿಡಿದಿರುವುದು ತನ್ನ ಕೈ ಎಂದು ಅವರು ವಿವರಿಸಿದರು. ಯಾವ ಆಪರೇಷನ್ನಿಗೂ ಸ್ವಲ್ಪ ಅಪಾಯ ಇದ್ದೇ ಇರುತ್ತದೆ, ಒಂದೇ ಕಣ್ಣಿನವರಿಗೆ ಇನ್ನೂ ಹುಷಾರಾಗಿ ಮಾಡುತ್ತೇನೆ, ಆದರೆ ಸುಮ್ಮನೆ ಬಿಡುವುದು ಅದಕ್ಕಿಂತ ದೊಡ್ಡ ಅಪಾಯ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಅವನ ಜೇಬಿನ ಕಡೆ ನೋಡಿ ಒಂದು ಮಾತು ಕೇಳಿದರು.

“ನೀವು ತಕ್ಕಡಿ ರಿಪೇರಿ ಮಾಡಿದ ಮೇಲೆ, ಸ್ಕ್ರೂಡ್ರೈವರ್ ರಿಪೇರಿ ಮಾಡ್ತು ಅಂತ ಹೇಳ್ತೀರಾ?”

ಒಂದೂ ತಿದ್ದುಪಡಿ ಹೇಳದೆ ಅವನು ಬಗ್ಗಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ. ಇದನ್ನು ಅವನೇ ನನಗೆ ಹೇಳಿದ್ದು.

ಬುಧವಾರ ಹತ್ತು ಗಂಟೆಗೆ ಅಕ್ಕ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಳು, ಮಡಿಲಲ್ಲಿ ಕೈಚೀಲ. ಬೇಕರಿಯವನು ಅಪರಾಧಿಯ ಮುಖ ಮಾಡಿಕೊಂಡು ಬಂದ. ಆವತ್ತು ನಕ್ಕಿದ್ದ ಗಿರಾಕಿಗಳಲ್ಲಿ ನಾಲ್ವರನ್ನು ನಾನೇ ಹೇಳಿ ಕರೆಸಿದ್ದೆ. ಐದನೆಯವನು ಬಣ್ಣ ಕೊಳ್ಳಲು ಬಂದವನು, ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ ನಿಂತುಕೊಂಡ.

ತಿದ್ದುಪಡಿ ಗಂಟಲು ಸರಿ ಮಾಡಿಕೊಂಡು ಸುತ್ತಿ ಬಳಸಿ ಶುರು ಮಾಡಿದ.

“ಹೋದ ಗುರುವಾರ ಇಲ್ಲಿ ಒಬ್ಬ ವ್ಯಕ್ತಿ ಒಂದು ಅಭಿಪ್ರಾಯ ಕೊಟ್ಟ.”

“ಯಾರು ಆ ವ್ಯಕ್ತಿ?” ಎಂದಳು ಅಕ್ಕ.

“ನಾನು.”

“ಮುಂದೆ ಹೇಳು.”

“ಆ ಅಭಿಪ್ರಾಯದಲ್ಲಿ ಸಣ್ಣದೊಂದು...” ಎಂದು ನಿಲ್ಲಿಸಿದ. ಅಕ್ಕನ ಮುಖ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಅಥವಾ ಅವನ ಪಕ್ಕದಲ್ಲಿದ್ದ ಏಣಿಯನ್ನು. “ಸಣ್ಣದಲ್ಲ. ಪೂರ್ತಿ ತಪ್ಪು. ನನಗೆ ಆ ಯಂತ್ರದ ಬಗ್ಗೆ ಏನೂ ಗೊತ್ತಿರಲಿಲ್ಲ. ನೀವೆಲ್ಲ ನಗಲಿ ಅಂತ ಹೇಳ್ದೆ.”

“ಕರೆಂಟ್ ಹೋದ್ರೆ?”

“ಬ್ಯಾಟರಿ ಇದೆ ಅಕ್ಕಾ. ನಾನೇ ಪ್ಲಗ್ ಕಿತ್ತು ಇಪ್ಪತ್ತು ನಿಮಿಷ ನಿಂತು ನೋಡಿದ್ದೀನಿ. ಮಾಡೋದು ಡಾಕ್ಟರಮ್ಮನ ಕೈ. ಅಪಾಯ ಇಲ್ವೇ ಇಲ್ಲ ಅಂತ ಅವರೂ ಹೇಳಲಿಲ್ಲ, ನಾನೂ ಹೇಳಲ್ಲ. ಆದ್ರೆ ನನ್ನದೇ ಕಣ್ಣಾಗಿದ್ರೆ ನಾಳೇನೇ ಹೋಗ್ತಿದ್ದೆ.”

ಬೇಕರಿಯವನಿಗೆ ತಡೆಯಲಾಗಲಿಲ್ಲ. “ಆಸ್ಪತ್ರೆಯವರು ನಿನ್ನನ್ನ ಕಿತ್ತು ಆಚೆ ಹಾಕ್ಲಿಲ್ವೇನೋ?” ಎಂದ. ಮೊದಲು ನಕ್ಕದ್ದು ಅಕ್ಕ. ಅಪಾಯ ಇದೆ ಅಂತ ಅವನ ಬಾಯಲ್ಲಿ ಬಂತಲ್ಲ, ಈಗ ನಂಬಿಕೆ ಬಂತು, ಫೋನ್ ಮಾಡಿಸು ಎಂದಳು. ಬಣ್ಣದ ಗಿರಾಕಿ ಚಪ್ಪಾಳೆ ತಟ್ಟಿ, ನಿಜಕ್ಕೂ ಒಂದು ಡಬ್ಬಿ ಬಣ್ಣ ಕೊಂಡು ಹೋದ.

ಮುಂದಿನ ಮಂಗಳವಾರ ಆಪರೇಷನ್ ಆಯಿತು. ಕರೆಂಟ್ ಹೋಗಲಿಲ್ಲ. ಹೊರಗೆ ಕೂತ ತಿದ್ದುಪಡಿ ಮಾತ್ರ ಅಷ್ಟು ಹೊತ್ತೂ ಗೋಡೆಯ ಮೇಲಿನ ದೀಪದಿಂದ ಕಣ್ಣು ಕೀಳಲಿಲ್ಲ ಎಂದು ಜೊತೆಗೆ ಹೋದ ಬೇಕರಿಯವನು ಹೇಳಿದ.

ಒಂದು ತಿಂಗಳಾದ ಮೇಲೆ ಅಕ್ಕ ಒಬ್ಬಳೇ ನಡೆದುಕೊಂಡು ಅಂಗಡಿಗೆ ಬಂದು ಅದೇ ಬೆಂಚಿನ ಮೇಲೆ ಕೂತಳು. ತೂಕದ ಯಂತ್ರದಿಂದ ನಾಲ್ಕು ಹೆಜ್ಜೆ ದೂರ. ತಮ್ಮ ಆಗಲೇ ಬಂದಿದ್ದ, ನಿದ್ರೆಯ ಬಗ್ಗೆ ಬಂದ ಲೇಖನವೊಂದನ್ನು ತಿದ್ದುತ್ತಿದ್ದ. ಈಚೆಗೆ ಅವನು ನಡುವೆ ಒಮ್ಮೊಮ್ಮೆ, ಇದು ನನಗೆ ಸರಿಯಾಗಿ ಗೊತ್ತಿಲ್ಲ ಎಂದು ಸೇರಿಸುತ್ತಾನೆ. ಕೇಳುವವರಿಗೆ ಇನ್ನೂ ಅಭ್ಯಾಸವಾಗಿಲ್ಲ.

ಅಕ್ಕ ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿದಳು. ಜೇಡರ ಬಲೆ ಎಲ್ಲೆಲ್ಲಿದೆ ಎಂದು ನನಗೆ ತಿಳಿಸಿದಳು. ನನ್ನ ಮೀಸೆ ಇಷ್ಟು ಬೆಳ್ಳಗಾದದ್ದು ಯಾವಾಗ ಎಂದು ವಿಚಾರಿಸಿದಳು. ಆಮೇಲೆ ಅವಳ ಕಣ್ಣು ತೂಕದ ಯಂತ್ರದ ಕೆಂಪು ಅಂಕಿಗಳ ಮೇಲೆ ನಿಂತಿತು.

“ಏನಪ್ಪಾ, ತಟ್ಟೆ ಖಾಲಿ ಇದೆ. ಅಲ್ಲಿ ಹದಿನೈದು ಗ್ರಾಂ ಅಂತಿದೆಯಲ್ಲ, ಏನನ್ನ ತೂಗ್ತಾ ಇದ್ದೀಯ?”

ನಾನೂ ನೋಡಿದೆ, ತಿದ್ದುಪಡಿಯೂ ನೋಡಿದ. ಹದಿನೈದೇ. ಅವನು ಬೆಳಿಗ್ಗೆ ತಾನೇ ಸೊನ್ನೆ ಮಾಡಿ, ಸರಿ ಇದೆ ಎಂದು ಹೇಳಿದ್ದ ಯಂತ್ರ. ಎದ್ದು ಬಂದು ತಟ್ಟೆ ಕಳಚಿದ. ಅದರ ಅಡಿಯ ಚೌಕಟ್ಟಿನ ಮೇಲೆ ನಾಲ್ಕಿಂಚಿನ ದಪ್ಪ ಮೊಳೆಯೊಂದು ಹಾಯಾಗಿ ಮಲಗಿತ್ತು. ಚಿಮಟದಲ್ಲಿ ಎತ್ತಿ ಗಲ್ಲಾದ ಮೇಲಿಟ್ಟು, ತಟ್ಟೆಯನ್ನು ಮತ್ತೆ ಕೂರಿಸಿದ. ಅಂಕಿ ಸೊನ್ನೆಗೆ ಇಳಿಯಿತು.

“ಬೆಳಗ್ಗಿಂದ ಇದರಲ್ಲಿ ಯಾರಿಗಾದ್ರೂ ತೂಗಿದ್ಯಾ?” ಎಂದಳು ಅಕ್ಕ ನನ್ನನ್ನು.

ಒಬ್ಬನೇ, ಬಡಗಿ, ಅರ್ಧ ಕಿಲೋ ಮೊಳೆ ಎಂದೆ. ಅವನಿಗೆ ಹದಿನೈದು ಗ್ರಾಂ ಕಡಿಮೆಯಾದರೆ ಏನು ಮಹಾ ಎಂದೂ ಸೇರಿಸಿದೆ, ಸೇರಿಸಬಾರದಿತ್ತು. ತಿದ್ದುಪಡಿ ಇಪ್ಪತ್ತೆರಡು ವರ್ಷದ ಬಾಕಿಯೆಲ್ಲ ಒಟ್ಟಿಗೆ ವಸೂಲಾದವನಂತೆ ನಕ್ಕ.

“ಆ ಬಡಗಿ ಮತ್ತೆ ಯಾವಾಗ ಬರ್ತಾನೆ?” ಎಂದಳು ಅಕ್ಕ.

“ಮಧ್ಯಾಹ್ನ ಬೀಗ ತಗೊಂಡು ಹೋಗೋಕೆ ಬರ್ತೀನಿ ಅಂದಿದ್ದ ಅಕ್ಕಾ.”

“ಬರಲಿ. ಎದ್ದು ನಿಂತು ಹೇಳು, ಆವತ್ತು ಇವನು ಹೇಳಿದ ಹಾಗೆ. ನಾನು ಇಲ್ಲೇ ಇರ್ತೀನಿ.”

ಕೈಚೀಲದಿಂದ ತಮ್ಮನ ಅಂಗಿಯೊಂದನ್ನು ತೆಗೆದು ಮೊಣಕಾಲಿನ ಮೇಲೆ ಹರಡಿಕೊಂಡಳು. ಮೂರನೆಯ ಗುಂಡಿ ಇರಲಿಲ್ಲ. ಸೂಜಿಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿದಳು. ನಾನು ಬಡಗಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತ ಬೀದಿಯ ಕಡೆ ನೋಡುತ್ತ ಕೂತೆ.