ರಾಜೇಸಾಬರ ದವಡೆ ಹಲ್ಲು

ಆ ಕ್ಯಾಪ್ ನನ್ನದೇ ಆಗಿತ್ತು, ಮಾಬೂಬಿ ಅಕ್ಕ. ಹವಾಲ್ದಾರರು ಮೊಬೈಲಿನಲ್ಲಿ ತೋರಿಸಿದ ಹೆಣದ ಬಾಯಲ್ಲಿದ್ದದ್ದು ನಾನೇ ಹಲ್ಲಿಗೆ ಕೂರಿಸಿದ ಕ್ಯಾಪ್, ಆ ಬಾಯಿ ನಿಮ್ಮ ಗಂಡ ರಾಜೇಸಾಬರದು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಗೊತ್ತಿದ್ದೂ ‘ನಂದಲ್ಲ’ ಎಂದೆ. ಐದು ವರ್ಷದಿಂದ ನೀವು ಸತ್ತುಹೋದ ಮನುಷ್ಯನ ದಾರಿ ಕಾಯುತ್ತಿದ್ದೀರಿ — ನನ್ನ ಆ ಒಂದು ಮಾತಿನಿಂದ.

ಇದನ್ನು ಬರೆದುಕೊಂಡು ನಿಮ್ಮ ಮನೆಗೆ ಬರುತ್ತಿದ್ದೇನೆ. ಬಾಯಿಮಾತಿನಲ್ಲೇ ಹೇಳಬಹುದಿತ್ತು, ಆದರೆ ನನ್ನ ಬಾಯಿಯ ಮೇಲೆ ನನಗೇ ಭರವಸೆ ಇಲ್ಲ. ನಿಮ್ಮ ಎದುರಿಗೆ ನಿಂತರೆ ಅದು ಮತ್ತೊಂದು ಸುಳ್ಳು ಹುಡುಕೀತು. ಕಾಗದದಲ್ಲಿದ್ದರೆ ಇದ್ದದ್ದನ್ನೇ ನಿಮಗೆ ಓದಿ ಹೇಳಲೇಬೇಕಾಗುತ್ತದೆ.

ನಾನು ಗಜೇಂದ್ರಗಡದಿಂದ ಬಂದು ರೋಣದಲ್ಲಿ ಹಲ್ಲಿನ ದವಾಖಾನೆ ತೆರೆದಾಗ ಇಲ್ಲಿ ಕ್ಯಾಪ್ ಎಂದರೇನೆಂದು ಒಬ್ಬೊಬ್ಬರಿಗೂ ತಿಳಿಸಿ ಹೇಳಬೇಕಾಗಿತ್ತು. ಹಲ್ಲು ನೋಯಿತೋ, ಕೀಳಿಸು — ಅಷ್ಟೇ. ರಾಜೇಸಾಬರು ಬಂದದ್ದೂ ಕೀಳಿಸಲಿಕ್ಕೆ. ಗಾದಿ ಹೊಲಿಯುವ ದಪ್ಪ ದಾರವನ್ನು, ಕತ್ತರಿ ಪಕ್ಕದಲ್ಲೇ ಇದ್ದರೂ, ದವಡೆ ಹಲ್ಲಿನಿಂದ ಕಚ್ಚಿ ಹರಿಯುವ ಚಟ ಅವರಿಗೆ. ಬಲಗಡೆ ಕೆಳದವಡೆಯ ಹಲ್ಲು ಸೀಳು ಬಿಟ್ಟು ಒಳಗೆ ಹುಳುಕಾಗಿತ್ತು.

‘ಕಿತ್ತ ಒಗೀರಿ ಡಾಕ್ಟರ್ರ, ಇನ್ನ ಮೂವತ್ತೊಂದ ಅದಾವಲ್ಲ,’ ಎಂದು ನಕ್ಕರು.

ಬೇಡವೆಂದು ಹಟ ಹಿಡಿದವನು ನಾನು. ಬೇರು ಸ್ವಚ್ಛ ಮಾಡಿ ಮೇಲೊಂದು ಕ್ಯಾಪ್ ಕೂರಿಸಿದರೆ ಇರುವತನಕ ಚಿಂತೆಯಿಲ್ಲ ಎಂದೆ. ಅವರು ನಂಬಿದರು. ಆ ಮನುಷ್ಯ ಯಾರನ್ನಾದರೂ ನಂಬದೆ ಇದ್ದದ್ದನ್ನು ನಾನು ನೋಡಿಲ್ಲ.

ಬೇರು ಸ್ವಚ್ಛ ಮಾಡುವುದೆಂದರೆ ಕೂದಲೆಳೆಯಂಥ ಉಕ್ಕಿನ ಸೂಜಿಯನ್ನು ಹಲ್ಲಿನ ಬೇರಿನೊಳಗೆ ಇಳಿಸಿ ಕೆರೆಯುವುದು. ಅವರ ಹಲ್ಲಿನ ಬೇರು ಸೊಟ್ಟಗಿತ್ತು. ಸಾವಕಾಶವಾಗಿ ಮಾಡುವ ಕೆಲಸ. ಅಂದು ಹೊರಗೆ ಮಂದಿ ತುಂಬಿತ್ತು, ನನಗೆ ಅವಸರ — ಒಗೆಯಬೇಕಾಗಿದ್ದ ಹಳೆಯ ಸೂಜಿಯನ್ನೇ ಹಾಕಿ ಜೋರಾಗಿ ತಿರುವಿದೆ. ತುದಿ ಮುರಿದು ಒಳಗೇ ಉಳಿಯಿತು. ಸೂಜಿ ಮುರಿಯುವುದು ಎಂಥ ಡಾಕ್ಟರ ಕೈಯಲ್ಲೂ ಆಗುತ್ತದೆ, ಅದಕ್ಕಾಗಿ ನಾನು ಇಷ್ಟು ಬರೆಯುತ್ತಿಲ್ಲ. ಮುರಿದರೆ ಹೇಳಬೇಕು, ಹುಬ್ಬಳ್ಳಿಗೆ ದೊಡ್ಡ ದವಾಖಾನೆಗೆ ಕಳಿಸಬೇಕು. ನಾನು ಎಕ್ಸ್‌ರೇ ತೆಗೆದು ನೋಡಿದೆ. ಬೇರಿನ ತುದಿಯಲ್ಲಿ ಸಣ್ಣ ಬಿಳಿ ಗೆರೆ, ಎದ್ದು ಕಾಣುತ್ತಿತ್ತು. ಆ ಫಿಲ್ಮನ್ನು ಲಕೋಟೆಯೊಳಗೆ ಹಾಕಿ ಮೇಜಿನ ಡ್ರಾದಲ್ಲಿಟ್ಟೆ. ಎಂಟು ದಿನ ಬಿಟ್ಟು ಹಲ್ಲಿಗೆ ಕ್ಯಾಪ್ ಕೂರಿಸಿ ಅವರ ಕೈಗೆ ಕನ್ನಡಿ ಕೊಟ್ಟೆ.

‘ಭಾಳ ಚಲೋ ಆತು ನೋಡ್ರಿ. ಮನ್ಯಾಗ ನಮ್ಮಾಕಿಗೆ ತೋರಸ್ತೀನಿ,’ ಎಂದರು. ತೋರಿಸಿರಬೇಕು.

ಆಮೇಲೆ ಎರಡು ಸಲ ಬಂದರು. ‘ಗಟ್ಟಿ ರೊಟ್ಟಿ ಅಗದ್ರ ಒಳಗ ಬ್ಯಾನಿ ಆಗ್ತೈತ್ರಿ.’ ಬೇನೆ ಎಲ್ಲಿಯದೆಂದು ನನಗೆ ಗೊತ್ತಿತ್ತು. ಕ್ಯಾಪ್ ಚೂರು ಎತ್ತರವಾಗಿದೆ ಎಂದು ಹೇಳಿ ಅದರ ಹೊರಅಂಚನ್ನು ಉಜ್ಜಿದೆ. ಎರಡನೆಯ ಸಲ ಎಷ್ಟು ಉಜ್ಜಿದೆನೆಂದರೆ ಮೇಲಿನ ಬಿಳಿ ಬಣ್ಣ ಹೋಗಿ, ಕತ್ತರಿಸಿ ಬಿದ್ದ ಉಗುರಿನಷ್ಟು ಜಾಗದಲ್ಲಿ ಒಳಗಿನ ಲೋಹ ಕಂಡಿತು. ಮಾತ್ರೆ ಬರೆದುಕೊಟ್ಟೆ. ಅವರು ತಮ್ಮ ಹಲ್ಲಿನದೇ ತಪ್ಪು ಎನ್ನುವಂತೆ ಸಂಕೋಚಪಟ್ಟು ಹೋದರು. ಆ ವರ್ಷ ನಮ್ಮ ಮನೆಯ ಗಾದಿಗಳನ್ನೆಲ್ಲ ಬಿಚ್ಚಿ, ಅರಳೆ ಹಿಂಜಿ, ಹೊಸದಾಗಿ ಹೊಲಿದು ಕೊಟ್ಟರು. ಇವತ್ತಿಗೂ ನಾನು ಮಲಗುವುದು ಅವುಗಳಲ್ಲೊಂದರ ಮೇಲೆಯೇ.

ಮಲಪ್ರಭೆ ಉಕ್ಕಿದ ಆ ಮಳೆಗಾಲದ ಕಥೆ ನಿಮಗೆ ಹೇಳಬೇಕಾಗಿಲ್ಲ. ತಂಗಿಯನ್ನು ಕರೆತರಲು ಹೊಳೆಮಣ್ಣೂರಿಗೆ ಹೋದರು, ತಂಗಿ ಮತ್ತು ಮಕ್ಕಳನ್ನು ಟ್ರ್ಯಾಕ್ಟರಿಗೆ ಹತ್ತಿಸಿದರು, ‘ಆಡು ಬಿಚ್ಚಿ ಬರ್ತೀನಿ’ ಎಂದು ತಿರುಗಿ ಹೋದವರು ಬರಲಿಲ್ಲ. ಹನ್ನೆರಡು ದಿನದ ಮೇಲೆ ಹೊಳೆ ಹರಿದುಹೋಗುವ ಕಡೆ, ಬೇರೆ ಜಿಲ್ಲೆಯ ಊರೊಂದರಲ್ಲಿ, ಹೆಣ ಸಿಕ್ಕಿತು. ಮೈಮೇಲೆ ಬಟ್ಟೆಯಿಲ್ಲ. ಮುಖ ಗುರುತು ಹತ್ತುವಂತಿರಲಿಲ್ಲ. ಬಾಯಲ್ಲಿ ಕ್ಯಾಪ್ ಇದೆ ಎಂಬುದಷ್ಟೇ ಗುರುತು. ನಿಮ್ಮವರಿಗೆ ನಾನು ಕ್ಯಾಪ್ ಹಾಕಿದ್ದೆನೆಂದು ನೀವು ಹೇಳಿದ್ದರಿಂದ ಹವಾಲ್ದಾರರು ನಿಮ್ಮನ್ನೂ ನಿಮ್ಮ ಮೈದುನನನ್ನೂ ಕರೆದುಕೊಂಡು ನನ್ನಲ್ಲಿಗೆ ಬಂದರು.

ನೀವು ಬೆಂಚಿನ ತುದಿಗೆ ಕೂತಿದ್ದಿರಿ. ಹವಾಲ್ದಾರರು ಮೊಬೈಲ್ ನನ್ನ ಮುಂದೆ ಹಿಡಿದರು. ಬಲಗಡೆ, ಕೆಳದವಡೆ. ಹೊರಅಂಚಿನಲ್ಲಿ ಉಗುರಿನಷ್ಟು ಲೋಹ.

‘ಡಾಕ್ಟರ್ರ, ಇದು ನೀವು ಹಾಕಿದ್ದೇನ್ರಿ? ನಿಮ್ಮ ಕಡೆ ಹಳೇ ಎಕ್ಸ್‌ರೇ ಇದ್ರ ಕೊಡ್ರಿ. ಹೆಣದ್ದೂ ಒಂದು ತಗಿಸಿ ಎರಡೂ ಜೋಡಿಸಿ ನೋಡ್ತಾರಂತ. ಹೊಂದಿದ್ರ ಮುಂದಿನ ಪರೀಕ್ಷೆ ಮಾಡಸ್ತಾರ.’

ಎರಡೂ ಜೋಡಿಸಿ ನೋಡಿದರೆ — ಎರಡರಲ್ಲೂ ಅದೇ ಜಾಗದಲ್ಲಿ ಅದೇ ಬಿಳಿ ಗೆರೆ. ಇನ್ನೊಬ್ಬನ ಬಾಯಲ್ಲಿ ಇರಲು ಸಾಧ್ಯವೇ ಇಲ್ಲದ ಗುರುತು. ರಾಜೇಸಾಬರನ್ನು ನಿಮ್ಮ ಕೈಗೆ ಕೊಡಬಹುದಾಗಿದ್ದದ್ದು ನಾನು ಮುಚ್ಚಿಟ್ಟ ಆ ಮುರುಕು ಸೂಜಿಯೇ. ಆದರೆ ದೊಡ್ಡ ದವಾಖಾನೆಯವರು ಅದನ್ನು ನೋಡುತ್ತಾರೆ, ಇದೇನೆಂದು ಕೇಳುತ್ತಾರೆ. ರೋಣದಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹವಾಲ್ದಾರರು ಕೇಳುತ್ತಿದ್ದದ್ದು ಹೆಣದ ಗುರುತನ್ನು, ನನಗೆ ಕೇಳಿಸಿದ್ದು ನನ್ನ ಕಳ್ಳತನ.

‘ಇಂಥಾ ಕ್ಯಾಪ್ ಸಾವಿರ ಮಂದಿ ಬಾಯಾಗ ಇರ್ತಾವ್ರಿ,’ ಎಂದೆ.

‘ಅಂದ್ರ, ನಿಮ್ಮದು ಹೌದೋ ಅಲ್ಲೋ?’

‘ನಂದಲ್ರಿ. ಎಕ್ಸ್‌ರೇನೂ ಉಳದಿಲ್ಲ.’

ಲಕೋಟೆಯಿದ್ದ ಡ್ರಾ ನನ್ನ ಮೊಣಕಾಲಿಗೆ ತಾಗಿಕೊಂಡಿತ್ತು. ನೀವು ಎದ್ದು ನಿಂತಿರಿ.

‘ಖರೇನ್ರಿ? ನೀವು ಹಾಕಿದ್ದಲ್ಲಂದ್ರ ಅದು ನಮ್ಮಾರಲ್ಲ. ಜೀವಂತ ಅದಾರ. ನಿಮ್ಮ ಬಾಯಾಗ ಸಕ್ಕರಿ ಹಾಕಬೇಕ್ರಿ ಡಾಕ್ಟರ್ರ.’

ಅತ್ತಿರಿ ನೀವು, ಸಂತೋಷಕ್ಕೆ. ಮೈದುನ ನನಗೆ ಕೈ ಮುಗಿದ. ಆಗಲಾದರೂ — ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ನಿಮ್ಮ ಹಿಂದೆಯೇ ಓಡಿ ಬಂದಿದ್ದರೂ ಆಗುತ್ತಿತ್ತು. ನಾನು ಮುಂದಿನ ರೋಗಿಯನ್ನು ಒಳಗೆ ಕರೆದೆ.

ವಾರಸುದಾರರಿಲ್ಲದ ಹೆಣವೆಂದು ಅಲ್ಲಿಯವರು ಹೂಳಿದರು. ನೀವು ಹುಡುಕಲು ಹೊರಟಿರಿ. ಮೀರಜದ ದವಾಖಾನೆಯಲ್ಲಿ ಹೆಸರು ಹೇಳಲು ಬಾರದ ಒಬ್ಬನಿದ್ದಾನಂತೆ ಎಂದು ಯಾರೋ ಅಂದರೆ ಅಲ್ಲಿಗೆ, ಗೋವಾದಲ್ಲಿ ಗಾದಿ ಹೊಲಿಯುತ್ತಿರುವವನನ್ನು ಕಂಡೆವೆಂದರೆ ಅಲ್ಲಿಗೆ. ಕೈತುಂಬ ಹಸಿರು ಬಳೆ. ಮಗಳ ನಿಕಾಹವನ್ನು ‘ಆಕಿ ಅಬ್ಬಾ ಬರ್ಲಿ’ ಎಂದು ಎರಡು ಸಲ ಮುಂದೆ ಹಾಕಿ, ಕೊನೆಗೆ ನರಗುಂದದ ಬೀಗರು ಇನ್ನು ಕಾಯಲಾರೆವು ಎಂದ ಮೇಲೆ ಮಾಡಿದಿರಿ. ಕರೆಯಲು ನನ್ನಲ್ಲಿಗೂ ಬಂದಿದ್ದಿರಿ. ನಾನು ನಿಕಾಹಕ್ಕೆ ಬಂದು, ಉಂಡು ಹೋದೆ. ಎಂಥ ಮನುಷ್ಯ ನಾನು?

ಮೂರು ವಾರದ ಹಿಂದೆ ನಿಮ್ಮ ಹಲ್ಲು ನೋಯುತ್ತದೆಂದು ಬಂದಿರಿ. ಕುರ್ಚಿಯಲ್ಲಿ ಒರಗಿದವರು ಬಾಯಿ ತೆರೆಯುವ ಮೊದಲು ನನ್ನನ್ನು ಕೇಳಿದಿರಿ:

‘ಡಾಕ್ಟರ್ರ, ನಮ್ಮಾರಿಗೆ ಆ ಕ್ಯಾಪ್ ಹಾಕಿದ್ದ ಹಲ್ಲು ನೋಯ್ತಿತ್ತಲ್ರಿ. ರಾತ್ರಿ ಗಲ್ಲ ಹಿಡಕೊಂಡು ಕೂಡ್ತಿದ್ರು. ಈಗ ಎಲ್ಲಿದ್ದಾರೋ, ಇನ್ನೂ ನೋಯ್ತಿರತೈತೇನ್ರಿ? ಅಲ್ಲಿ ಯಾರರ ನೋಡ್ಯಾರೋ ಇಲ್ಲೋ.’

ರಾತ್ರಿ ಗಲ್ಲ ಹಿಡಿದು ಕೂರುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ.

‘ಇಲ್ಲಕ್ಕಾ, ಈಗ ನೋಯೂದಿಲ್ಲ,’ ಎಂದೆ. ಆ ಹಲ್ಲಿನ ವಿಷಯದಲ್ಲಿ ನಾನು ನಿಮಗೆ ಹೇಳಿದ ಮೊದಲ ಖರೇ ಮಾತು ಅದು. ಕರೆಂಟು ಸರಿಯಿಲ್ಲವೆಂದು ನೆಪ ಹೇಳಿ ನಾಳೆ ಬನ್ನಿ ಎಂದೆ. ಮರುದಿನ ನೀವು ಬಂದಾಗ ದವಾಖಾನೆಗೆ ಬೀಗ ಹಾಕಿತ್ತು. ನಾನು ಅವರನ್ನು ಹೂಳಿದ ಊರಿಗೆ ಹೋಗಿದ್ದೆ.

ಠಾಣೆಯಲ್ಲಿ ಕೇಳಿದೆ. ಹಳೆಯ ಕಡತ ಹುಡುಕಿ ಒಂದು ನಂಬರು ಹೇಳಿದರು. ಮಸಣದ ಕಾವಲುಗಾರ ಬೇಲಿಗುಂಟ ನಡೆಸಿಕೊಂಡು ಹೋಗಿ ಆ ನಂಬರಿನ ಕಲ್ಲು ತೋರಿಸಿದ. ಮೇಲೆ ಜಾಲಿ ಬೆಳೆದಿತ್ತು. ‘ಇವರು ನಿಮಗ ಏನಾಗಬೇಕ್ರಿ?’ ಎಂದು ಕೇಳಿದ. ನಾನು ಜಾಲಿಯ ಟೊಂಗೆ ಸರಿಸಿ ಕಲ್ಲಿನ ನಂಬರು ಓದಿಕೊಂಡೆ. ಅಲ್ಲಿ ಯಾರೂ ಅವರ ಮೇಲೆ ನಮಾಜು ಓದಿಲ್ಲ, ಅಕ್ಕ. ಅವರು ಯಾರೆಂದೇ ಹೂಳಿದವರಿಗೆ ಗೊತ್ತಿರಲಿಲ್ಲ.

ಆ ಎಕ್ಸ್‌ರೇ ಲಕೋಟೆ ನನ್ನ ಕಿಸೆಯಲ್ಲಿದೆ. ನಿಮಗೆ ಇದನ್ನು ಓದಿ ಹೇಳಿದ ಮೇಲೆ ನೇರ ಠಾಣೆಗೆ ಹೋಗುತ್ತೇನೆ — ಸೂಜಿಯಿಂದ ಹಿಡಿದು ಸುಳ್ಳಿನವರೆಗೆ ಎಲ್ಲ ಬರೆದುಕೊಡುತ್ತೇನೆ. ದವಾಖಾನೆ ಮುಚ್ಚಿಸಿದರೆ ಮುಚ್ಚಿಸಲಿ. ನೀವು ಕ್ಷಮಿಸಬೇಡಿ. ಆ ಮಾತು ಕೇಳಲು ನಾನು ಬಂದಿಲ್ಲ.

ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಗಂಡ ಸತ್ತ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇದ್ದತ್ ಕೂರುತ್ತಾಳಲ್ಲ — ಸಾವಿನ ಸುದ್ದಿ ಐದು ವರ್ಷ ತಡವಾಗಿ ತಿಳಿದರೆ ಆಕೆ ಅದನ್ನು ಯಾವಾಗ ಕೂರಬೇಕೆಂದು ನಿಮ್ಮ ಹೆಸರು ಹೇಳದೆ ಮೌಲ್ವಿಯವರನ್ನು ಕೇಳಿದೆ.

‘ಸತ್ತ ದಿನದಿಂದನ ಹಿಡೀತೀವ್ರಿ,’ ಎಂದರು. ‘ಆಕಿಗೆ ಗೊತ್ತಿರ್ಲಿ ಬಿಡ್ಲಿ, ಆ ದಿನಾ ಮುಗದ ಹೋಗ್ಯಾವ. ಇನ್ನ ಕೂಡೂದು ಇಲ್ಲ.’

ಗೋರಿ ತೋರಿಸುತ್ತೇನೆ, ಅಕ್ಕ. ಎಕ್ಸ್‌ರೇ ಕೊಡುತ್ತೇನೆ. ಆದರೆ ಬಾಗಿಲು ಮುಚ್ಚಿಕೊಂಡು ಅವರಿಗಾಗಿ ಅಳಬೇಕಾಗಿದ್ದ ಆ ನಾಲ್ಕು ತಿಂಗಳು ಹತ್ತು ದಿನ ನೀವು ಬಸ್ಸು ಹತ್ತಿ ಊರೂರು ಅವರನ್ನು ಹುಡುಕುತ್ತಿದ್ದಿರಿ. ಅವನ್ನು ನಾನು ಎಲ್ಲಿಂದಲೂ ತಂದುಕೊಡಲಾರೆ.