ನಾಯಿ ಒರೆಸಿದ ಗೋಣಿ

ಜಂಗಮಕೋಟೆಯ ವೆಂಕಟರವಣಪ್ಪನ ಹುಳು ಮನೆಗೆ ಕಾಲಿಡುವುದಕ್ಕಿಂತ ವಿಧಾನಸೌಧಕ್ಕೆ ಕಾಲಿಡುವುದು ಸಲೀಸು ಎಂದು ಊರಿನಲ್ಲಿ ಮಾತಿತ್ತು. ಅಲ್ಲಿ ಬಾಗಿಲಲ್ಲಿ ಚೀಟಿ ಕೇಳುತ್ತಾರೆ. ಇಲ್ಲಿ ಅವನು ಬಂದವರ ಕೈ ಹಿಡಿದು ಮೂಸುತ್ತಿದ್ದ. ರೇಷ್ಮೆ ಹುಳುವಿಗೆ ವಾಸನೆ ಆಗದು. ಬೀಡಿ ಸೇದಿದ ಕೈ, ಹೊಗೆಸೊಪ್ಪು ಹಾಕಿದ ಬಾಯಿ, ಸೆಂಟು, ಸೊಳ್ಳೆಬತ್ತಿ, ತೋಟಕ್ಕೆ ಹೊಡೆಯುವ ಔಷಧಿ, ಯಾವುದೂ ಆಗದು. ಹುಳು ಮೇಯಿಸುವವರಿಗೆಲ್ಲ ಇದು ಗೊತ್ತು. ಒಂದಿಷ್ಟು ಪಾಲಿಸುತ್ತಾರೆ, ಉಳಿದದ್ದನ್ನು ದೇವರ ಮೇಲೆ ಹಾಕುತ್ತಾರೆ. ವೆಂಕಟರವಣಪ್ಪ ದೇವರಿಗೆ ಏನನ್ನೂ ಬಿಟ್ಟಿರಲಿಲ್ಲ.

ಮದುವೆ ಕಾಗದ ಕೊಡಲು ಬಂದ ನೆಂಟರನ್ನು ಬೇಲಿಯ ಆಚೆಯೇ ನಿಲ್ಲಿಸಿ, ಕಾಗದವನ್ನು ಕಲ್ಲಿನ ಮೇಲೆ ಇಡಿಸಿಕೊಂಡಿದ್ದ. ಚಿಂತಾಮಣಿಯ ಅಳಿಯ ಸಿದ್ಧಾರ್ಥ್, ಶಾಲೆ ಮೇಷ್ಟ್ರು, ಮೊದಲ ಸಲ ಮೈಗೆ ಪೌಡರು ಹಾಕಿಕೊಂಡು ಮಾವನ ಮನೆಗೆ ಬಂದಾಗ ಕಾಫಿಗೂ ಮುಂಚೆ ಸ್ನಾನ ಮಾಡಿಸಿದ್ದ. ಹೆಂಡತಿ ಗಂಗುಲಮ್ಮ ಮಂಡಿನೋವಿಗೆ ಮುಲಾಮು ಹಚ್ಚಿಕೊಂಡ ತಪ್ಪಿಗೆ ಮೂರು ದಿನ ಹುಳು ಮನೆಯ ಹೊರಗೆ ಕೂತಿದ್ದಳು. ಪಕ್ಕದ ತೋಟದ ಆವುಲಪ್ಪ, ತಾನೂ ಹುಳು ಮೇಯಿಸುವವನು, ಟೊಮೇಟೊಗೆ ಔಷಧಿ ಹೊಡೆದ ದಿನ ಗಾಳಿ ಇತ್ತ ಬೀಸಿತೆಂದು, ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಇಪ್ಪತ್ತು ಜನರೆದುರು, ಅವನ ತಾತನ ಕಾಲದ ಸಂಗತಿಯವರೆಗೂ ಎತ್ತಿ ಬೈದಿದ್ದ. ಆ ಸಲದ ಬೆಳೆಗೆ ಏನೂ ಆಗಲಿಲ್ಲ. ನಿಂತದ್ದು ಮಾತು ಮಾತ್ರ. ಹನ್ನೊಂದು ತಿಂಗಳಿಂದ ಇಬ್ಬರೂ ಡೇರಿ ಸಾಲಿನಲ್ಲಿ ನಡುವೆ ಐದಾರು ಜನ ಇರುವಂತೆ ನೋಡಿಕೊಂಡು ನಿಲ್ಲುತ್ತಿದ್ದರು.

ಬೈಯುವ ಹಕ್ಕನ್ನು ಅವನು ಸಂಪಾದಿಸಿಕೊಂಡಿದ್ದ ಎಂಬುದನ್ನೂ ಹೇಳಬೇಕು. ಹತ್ತೊಂಬತ್ತು ವರ್ಷದಲ್ಲಿ ಅವನ ಒಂದು ಬೆಳೆಯೂ ಕೆಟ್ಟಿರಲಿಲ್ಲ. ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಸ್ವಂತ ತಮ್ಮನ ಗೂಡಿನ ರಾಶಿಗೂ ಕೈ ತೂರಿಸಿ ಅಡಿಯಿಂದ ಎತ್ತಿ ನೋಡುವವರು. ವೆಂಕಟರವಣಪ್ಪನ ರಾಶಿ ಎಂದು ತಿಳಿದ ಮೇಲೆ ಮಾತ್ರ ತೂರಿಸಿದ ಕೈಯನ್ನು ಹಾಗೇ ವಾಪಸು ತೆಗೆದುಬಿಡುತ್ತಿದ್ದರು. ಆ ಮಾರ್ಕೆಟ್ಟಿನಲ್ಲಿ ಇದಕ್ಕಿಂತ ದೊಡ್ಡ ಸನ್ಮಾನ ಯಾರಿಗೂ ಸಿಕ್ಕಿದ್ದಿಲ್ಲ.

ಇಂಥ ಮನೆಗೆ ಎರಡು ಸಾವಿರದ ಆರರ ಬೇಸಿಗೆಯಲ್ಲಿ ಒಂದು ನಾಯಿ ಬಂತು.

ಬಿಳಿ ಪಾಮೇರಿಯನ್, ಹೆಸರು ಡಾಲಿ. ನಡೆದಾಡುವ ಹತ್ತಿ ಮೂಟೆ ಅನ್ನಬಹುದು. ಮಗಳು ತನುಜ ಅದನ್ನು ಅಪ್ಪನ ಜಗಲಿಯ ಮೇಲೆ ಇಳಿಸಿ, ಪಕ್ಕದಲ್ಲಿ ಒಂದು ಚೀಲ ಇಟ್ಟಳು. ಚೀಲದಲ್ಲಿ ಶಾಂಪೂ, ಬಾಚಣಿಗೆ, ಕಿವಿಗೆ ಹತ್ತಿ, ಒಂದು ಔಷಧಿ ಬಾಟಲಿ.

“ಅಪ್ಪ, ಹತ್ತೇ ದಿನ. ನಮ್ಮತ್ತೆ ಮಾವನ್ನ ಗಯಾಕ್ಕೆ ಕರ್ಕೊಂಡು ಹೋಗ್ತಾ ಇದ್ದೀವಿ. ರೈಲಲ್ಲಿ ಇವಳನ್ನ ಹೆಂಗೆ ಇಟ್ಕೊಳ್ಳಲಿ?”

“ಇರ್ಲಿ ಬಿಡಮ್ಮ. ಹುಳು ಮನೆ ಕಡೆ ಮಾತ್ರ ಬರಬಾರದು.”

“ಈ ಬಾಟ್ಲು ಉಣ್ಣೆಹುಳ ಬಂದ್ರೆ ನೀರಿಗೆ ಹಾಕೋದು. ಆದ್ರೆ ಅಪ್ಪ, ಇದು ರೇಷ್ಮೆ ಹುಳುಗೆ...”

“ಏನಮ್ಮ, ಹುಳು ವಿಷಯ ನನಗೇ ಹೇಳ್ಕೊಡ್ತೀಯಾ?”

“ಹಂಗಲ್ಲಪ್ಪ. ಬೆಳೆ ಇಳಿಯೋವರ್ಗೂ ಅದರ ಮುಚ್ಚಳಾನೇ ತೆಗೀಬೇಡ ಅಂದೆ, ಅಷ್ಟೇ.”

ವೆಂಕಟರವಣಪ್ಪ ನಕ್ಕ. ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದನದ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ, ಕೈ ತೊಳೆದುಕೊಂಡು ಬಂದ.

ಹುಳು ಆಗ ನಾಲ್ಕನೇ ಜ್ವರದಲ್ಲಿತ್ತು. ಹುಳು ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಮಲಗುವುದನ್ನು ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಏಳು ದಿನ ರಾಕ್ಷಸರ ಹಾಗೆ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ತಿಂಗಳ ಕಷ್ಟವೆಲ್ಲ ಆ ಏಳು ದಿನದ ಕೈಯಲ್ಲಿ. ಅದರಲ್ಲಿ ಎಡವಿದರೆ ಗುಡಿಸಿ ಗುಂಡಿಗೆ ಹಾಕುವುದು ಒಂದೇ ಕೆಲಸ.

ಏಳು ದಿನದಲ್ಲಿ ಮೂರು ಸುಸೂತ್ರವಾಗಿ ಕಳೆದವು. ನಾಲ್ಕನೆಯ ದಿನ ಬೆಳಿಗ್ಗೆ ಡಾಲಿ ಹಿಂಗಾಲಿನಿಂದ ಕಿವಿ ಕೆರೆದುಕೊಂಡಿತು. ವೆಂಕಟರವಣಪ್ಪ ಕಿವಿ ಮಡಚಿ ನೋಡಿದ. ಉದ್ದಿನಕಾಳಿನಷ್ಟು ದಪ್ಪದ ಉಣ್ಣೆಹುಳ ಒಂದು, ಅದರ ಪಕ್ಕ ಸಣ್ಣವು ನಾಲ್ಕು.

ಉಣ್ಣೆ ಇಳಿದು ಜಗಲಿ ದಾಟಿ, ಹೊಸ್ತಿಲು ಹತ್ತಿ, ಹುಳುವಿನ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಾಲು ಏರಿ, ತಟ್ಟೆಗೆ ನುಗ್ಗಿದ ಚಿತ್ರ ಅವನ ಕಣ್ಮುಂದೆ ಬಂತು. ಪ್ರತಿ ಸ್ಟ್ಯಾಂಡಿನ ನಾಲ್ಕೂ ಕಾಲು ಇರುವೆ ಬಾರದಂತೆ ನೀರಿನ ಬಟ್ಟಲಲ್ಲಿ ನಿಂತಿವೆ, ಉಣ್ಣೆಗೆ ನಾಯಿಯ ರಕ್ತ ಬೇಕೇ ಹೊರತು ಹುಳುವಿನದಲ್ಲ. ಇದನ್ನು ದನದ ಡಾಕ್ಟರ ಜೊತೆ ಸೂಜಿ ಹಿಡಿದು ತಿರುಗುವವನೂ ಹೇಳಿಯಾನು. ಕೇಳುವಷ್ಟು ಪುರಸೊತ್ತು ಅವನ ಭಯಕ್ಕೆ ಇರಲಿಲ್ಲ. ಅದು ನೇರ ಕೊಟ್ಟಿಗೆಯ ಸೂರಿಗೆ ಕೈ ಹಾಕಿತು.

ಹಾಗೆಂದು ಎಚ್ಚರಿಕೆಗೆ ಏನೂ ಕಮ್ಮಿ ಮಾಡಲಿಲ್ಲ. ಹುಳು ಮನೆಯಿಂದ ದೂರ, ಸೊಪ್ಪಿನ ತೋಟಕ್ಕೂ ದೂರ, ಗಾಳಿ ಆಚೆ ಬೀಸುವ ಕಡೆ ಹುಣಸೆಮರದ ಕೆಳಗೆ ನಾಯಿಯನ್ನು ಕಟ್ಟಿದ. ಬಟ್ಟೆಗೆ ವಾಸನೆ ಹತ್ತೀತೆಂದು ಅಂಗಿ ಪಂಚೆ ಬಿಚ್ಚಿ ಪಟಾಪಟಿ ಚಡ್ಡಿಯಲ್ಲಿ ನಿಂತ. ಮೊದಲು ಬಾಚಿ, ಕಂಕುಳಲ್ಲಿ ಗಂಟು ಬಿದ್ದಿದ್ದ ಕೂದಲನ್ನು ಬೆರಳಿನಿಂದ ಬಿಡಿಸಿದ. ಚಿಮುಟದಿಂದ ಉಣ್ಣೆ ಕಿತ್ತು ಉಪ್ಪುನೀರಿಗೆ ಹಾಕಿದ. ಕಿವಿಗೆ ಹತ್ತಿ ಇಟ್ಟು, ಉಗುರುಬೆಚ್ಚನೆಯ ನೀರು ಹುಯ್ದು, ಶಾಂಪೂ ತಿಕ್ಕಿದ. ನೀರು ಬಿದ್ದದ್ದೇ ಹತ್ತಿ ಮೂಟೆ ಮಾಯವಾಗಿ ಅದರೊಳಗಿಂದ ಮುಂಗುಸಿಯಂಥ ಪ್ರಾಣಿಯೊಂದು ಹೊರಬಂತು. ಇಷ್ಟೇ ಇಷ್ಟು ನಾಯಿಗೆ ಅಷ್ಟೊಂದು ಆಡಂಬರವೇ ಎಂದು, ವ್ಯಾಪಾರದಲ್ಲಿ ಮೋಸಹೋದವನ ಹಾಗೆ ನೋಡಿದ. ಕೊನೆಗೆ ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ಔಷಧಿ ಹಾಕಿ, ಕಣ್ಣು ಮೂಗಿಗೆ ತಾಗದಂತೆ ಮೈಗೆಲ್ಲ ಹುಯ್ದ.

ಎಲ್ಲವನ್ನೂ ಯೋಚಿಸಿದ್ದವನು ಒರೆಸುವ ಬಟ್ಟೆ ಮಾತ್ರ ತಂದಿರಲಿಲ್ಲ.

ಡಾಲಿ ಗಡಗಡ ನಡುಗತೊಡಗಿತು. ನೆಗಡಿ ಹತ್ತಿದರೆ ಮಗಳಿಗೆ ಏನು ಹೇಳುವುದು? ಓಡಿಹೋಗಿ ಬಚ್ಚಲ ಪಕ್ಕದ ತಂತಿಯ ಮೇಲೆ ಕೈಗೆ ಸಿಕ್ಕ ಗೋಣಿ ಎಳೆದುಕೊಂಡು ಬಂದ. ತಲೆ, ಹೊಟ್ಟೆ, ಬಾಲ, ನಾಲ್ಕು ಪಾದ, ಎಲ್ಲ ಒರೆಸಿದ. ಗೋಣಿ ನೆಲದ ಮೇಲೆ ಬೀಳಬಾರದು ಎಂಬುದು ಆ ಮನೆಯಲ್ಲಿ ಅವನೇ ಮಾಡಿದ ಕಾನೂನು. ಕೈ ತಾನಾಗಿಯೇ ಅದನ್ನು ಕೊಡವಿ, ಮತ್ತೆ ತಂತಿಗೆ ಹಾಕಿತು. ಆಮೇಲೆ ಸೋಪಿನಿಂದ ಎರಡು ಸಲ ಮೈ ತಿಕ್ಕಿ ಸ್ನಾನ ಮಾಡಿ, ಮುದ್ದೆ ಉಂಡು, ಜಗಲಿಯ ಮೇಲೆ ಕೂತು ನಾಯಿಯ ಕೂದಲು ಬಾಚತೊಡಗಿದ.

ಅರ್ಧ ಮೈ ಬಾಚಿಯಾಗಿತ್ತು. ಬಾಚಣಿಗೆಯ ಹಲ್ಲಿನಲ್ಲಿ ಬಿಳಿ ಕೂದಲ ನಡುವೆ ಕಂದು ಬಣ್ಣದ ನಾರೊಂದು ಸಿಕ್ಕಿಕೊಂಡಿತ್ತು. ಎಳೆದು ನೋಡಿದ. ಗೋಣಿಯ ನಾರು.

ತಲೆ ಎತ್ತಿ ತಂತಿ ನೋಡಿದ. ತಂತಿ ಖಾಲಿ.

ಆ ಮನೆಯಲ್ಲಿ ತಂತಿಯ ಮೇಲಿನ ಗೋಣಿಗೆ ಇದ್ದದ್ದು ಒಂದೇ ಕೆಲಸ. ಬೆಳಿಗ್ಗೆ ಕೊಯ್ದ ಹಿಪ್ಪುನೇರಳೆ ಸೊಪ್ಪು ಬಾಡದಂತೆ, ನೀರಲ್ಲಿ ಅದ್ದಿ ರಾಶಿಯ ಮೇಲೆ ಹೊದಿಸುವುದು. ಗಂಗುಲಮ್ಮ ಅದನ್ನು ಯಾವಾಗಲೋ ಒಯ್ದಿದ್ದಳು. ಎರಡು ಗಂಟೆಯ ಮೇವಿನ ಹೊತ್ತು. ಹುಳು ಮನೆಯೊಳಗಿಂದ ತಟ್ಟೆ ಎಳೆಯುವ ಸದ್ದು ಬಂತು.

ಅವನು ಎದ್ದು ಬಾಗಿಲವರೆಗೆ ಹೋದ. ಮುಲಾಮಿನ ಮೂರು ದಿನ ನೆನಪಾಯಿತು. ಡೇರಿಯ ಮುಂದಿನ ಇಪ್ಪತ್ತು ಜನ ನೆನಪಾದರು. ಇದನ್ನು ಹೇಳದೆಯೇ ಮೇವು ನಿಲ್ಲಿಸಲು ಒಂದು ದಾರಿ ಇರಬೇಕಲ್ಲ ಎಂದು ಹುಡುಕಿದ.

“ಗಂಗೂ, ಸೊಪ್ಪು ಬಾಳ ತೇವ ಐತೇನೋ. ಆಮೇಲೆ ಹಾಕನ ಬಿಡು.”

“ತೇವ ಇರ್ಲಿ, ಬಿಸಿಲು ಜಾಸ್ತಿ ಅಂತ ಬೆಳಿಗ್ಗೆ ನೀವೇ ತಾನೆ ಅಂದಿದ್ದು?”

“ಅಂದಿದ್ದೆ. ಈಗ ಮೋಡ ಆಗೈತೆ.”

ಗಂಗುಲಮ್ಮ ಅವನ ಹೆಗಲಾಚೆ ಆಕಾಶ ನೋಡಿದಳು. ಮೊಲದ ಬಾಲದಷ್ಟು ಮೋಡವೂ ಇರಲಿಲ್ಲ. “ಉಂಡಿದ್ದು ಜಾಸ್ತಿ ಆಯ್ತೇನೋ, ಹೋಗಿ ಮಲಗಿ,” ಎಂದು ನಾಲ್ಕನೆಯ ತಟ್ಟೆ ಎಳೆದು ಸೊಪ್ಪಿಗೆ ಕೈ ಹಾಕಿದಳು.

“ಹಾಕಬೇಡ!”

ಆ ಕೂಗಿಗೆ ಅವಳ ಕೈಯಿಂದ ಸೊಪ್ಪು ಕೆಳಗೆ ಬಿತ್ತು.

“ಆ ಗೋಣಿ... ನಾಯಿ ಒರೆಸಿದ್ದು. ಔಷಧಿ ಹಾಕಿ ತೊಳೆದೆ ಕಣೇ. ಆ ಬಾಟ್ಲು.”

ಗಂಗುಲಮ್ಮ ಅವನನ್ನು ನೋಡಿದಳು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

“ಎಷ್ಟು ಗೋಣಿ?” ಎಂದಳು.

“ಒಂದೇ.”

“ಮೂರು ತಟ್ಟೆಗೆ ಹಾಕಿದೀನಿ. ಮೂವತ್ತೇಳು ಉಳಿದೈತೆ.” ಮೊದಲ ತಟ್ಟೆಗೆ ಬಗ್ಗಿದಳು. ಬೆರಳುದ್ದದ ಬಿಳಿ ಹುಳುಗಳಲ್ಲಿ ಕೆಲವು ಮೇವು ಬಿಟ್ಟು ತಲೆ ಎತ್ತಿ ಆಚೀಚೆ ತೂಗುತ್ತಿದ್ದವು. ಒಂದರ ಬಾಯಲ್ಲಿ ಹಸಿರು ನೀರು. “ಸೊಪ್ಪೆಲ್ಲ ಎಸೀಬೇಕು. ಇವುಕ್ಕೆ ಹೊಟ್ಟೆಗೆ ಬೇರೆ ಬೇಕು, ಈಗ್ಲೇ ಬೇಕು. ಈ ಬಿಸಿಲಲ್ಲಿ ತೋಟದಿಂದ ಕೊಯ್ದು ತಂದ್ರೆ ಬೆಂದಿರ್ತದೆ. ನೆರಳಲ್ಲಿ ಕೊಯ್ದಿಟ್ಟಿರೋ ಸೊಪ್ಪು ಇರೋದು ಒಂದೇ ಮನೇಲಿ.”

ವೆಂಕಟರವಣಪ್ಪ ಚಪ್ಪಲಿ ಮೆಟ್ಟದೆ ಆವುಲಪ್ಪನ ಬೇಲಿ ಹಾರಿದ.

ಆವುಲಪ್ಪ ಹಲಸಿನ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದ. “ಏಮಯ್ಯಾ, ವೆಂಕಟರವಣಪ್ಪನೋರು! ಗಾಳಿ ಯಾವ ಕಡೆ ಬೀಸ್ತಾ ಐತೆ ಅಂತ ನೋಡೋಕೆ ಬಂದ್ರಾ?”

“ಸೊಪ್ಪು ಬೇಕು ಕಣಪ್ಪ. ನಮ್ದೆಲ್ಲ ಔಷಧಿ ತಗುಲೈತೆ.”

“ನಾನಂತೂ ಹೊಡ್ದಿಲ್ಲ. ಟೊಮೇಟೊ ಹೋದ ತಿಂಗ್ಳೇ ಕಿತ್ತಾಕ್ದೆ. ಯಾವನು ಹೊಡ್ದೋನು? ಹೇಳು, ಅವನ ತಾತನ ವಿಚಾರಾನೂ ಕೇಳ್ಬುಡನ.”

“ನಾನೇ. ನಾಯಿಗೆ ಸ್ನಾನ ಮಾಡಿಸ್ದೆ.”

ಆವುಲಪ್ಪನ ಕೈಯ ಹಗ್ಗ ನಿಂತಿತು. ನಗು ಹೊಟ್ಟೆಯಿಂದ ಎದ್ದು ಭುಜದವರೆಗೆ ಬಂತು. ಎದುರಿಗಿದ್ದವನ ಮುಖ ನೋಡಿ ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷ ಬೆಳೆ ಕೆಡದವನ ಮುಖದಲ್ಲಿ ಇಪ್ಪತ್ತನೆಯ ವರ್ಷ ಕಾಣುತ್ತಿತ್ತು.

“ಎಷ್ಟು ತಟ್ಟೆ?”

“ನಲವತ್ತು.”

“ನಂದು ಈಗಿನ್ನೂ ಎರಡನೇ ಜ್ವರ ಎದ್ದೈತೆ. ಸಂಜೆಗೆ ಒಂದಿಷ್ಟು ಸಾಕು. ನಡಿ, ಎತ್ಕೋ.”

ಇಬ್ಬರೂ ತಲೆಯ ಮೇಲೆ ಹೊರೆ ಹೊತ್ತು ಬಂದರು. ಗಂಗುಲಮ್ಮ ಆಗಲೇ ಹಳೆಯ ಸೊಪ್ಪನ್ನು ದೂರ ಎಸೆದು, ಮೈ ತೊಳೆದು, ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದಳು. ಆವುಲಪ್ಪ ಹೊಸ್ತಿಲ ಹೊರಗೇ ಹೊರೆ ಇಳಿಸಿ ಹಿಂದೆ ಸರಿದ. ಈ ಬಾಗಿಲ ಮರ್ಯಾದೆ ಅವನಿಗೆ ತಿಳಿಯದ್ದಲ್ಲ.

“ಕೈ ತೊಳ್ಕೊಂಡು ಬಾ ಅಣ್ಣ,” ಎಂದಳು ಗಂಗುಲಮ್ಮ. ಅವನು ತೊಳೆದು ಬಂದ. ಹಿಡಿದು ಮೂಸಿದಳು. “ಹೂಂ, ಒಳಗೆ ಬಾ. ಹುಳು ಆರಿಸ್ಬೇಕು.”

ವೆಂಕಟರವಣಪ್ಪ ಅವರ ಹಿಂದೆಯೇ ಕಾಲು ಎತ್ತಿದ.

“ನೀವು ಅಲ್ಲೇ ಇರಿ.”

“ಸ್ನಾನ ಮಾಡಿದೀನಲ್ಲೇ! ಎರಡು ಸಲ ಸೋಪು!”

“ಆಮೇಲೆ ಕೂತ್ಕೊಂಡು ಬಾಚ್ತಾ ಇದ್ರಲ್ಲ, ಯಾರನ್ನ?”

ಬಾಗಿಲು ಮುಚ್ಚಿತು. ಅವನು ಕಿಟಕಿಯ ಕೆಳಗೆ ಕಟ್ಟೆಯ ಮೇಲೆ ಕುಸಿದ. ಒಳಗೆ ಇಬ್ಬರೂ ಮೂರು ತಟ್ಟೆಯ ಹುಳುಗಳನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ ಹೊಸ ಸೊಪ್ಪಿಗೆ ಬಿಡುತ್ತಿದ್ದರು. ಮಾತು ಕೇಳುತ್ತಿರಲಿಲ್ಲ. ನೋಡೋಣವೆಂದರೆ ಕಿಟಕಿಗೆ ನೊಣ ಬಾರದಂತೆ ಬಲೆ. ಅದನ್ನು ಎರಡು ಪದರ ಹಾಕಿಸಿದವನೂ ಅವನೇ.

ಈ ದಿನಗಳಲ್ಲಿ ಹುಳು ಮೇಯುವಾಗ ತುಂತುರು ಮಳೆ ಒಣ ಎಲೆಯ ಮೇಲೆ ಬಿದ್ದ ಹಾಗೆ ಸದ್ದಾಗುತ್ತದೆ. ಆ ಸದ್ದಿಲ್ಲದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಉಸಿರು ಬಿಗಿ ಹಿಡಿದು ಕಿವಿ ಗೋಡೆಗೆ ಒತ್ತಿದ. ಏನೂ ಇಲ್ಲ. ಡಾಲಿ, ಒಣಗಿ ಮತ್ತೆ ಹತ್ತಿ ಮೂಟೆಯಾಗಿದ್ದು, ಘಮಘಮ ಎನ್ನುತ್ತ ಬಂದು ಅವನ ಪಾದದ ಮೇಲೆ ಗದ್ದ ಊರಿತು. ಒದೆಯಬೇಕೆನಿಸಿತು. ಆದರೆ ತನ್ನನ್ನು ತೊಳೆ ಎಂದು ಅದೇನೂ ಅವನನ್ನು ಕೇಳಿರಲಿಲ್ಲ.

ಹೊತ್ತು ಇಳಿಯಿತು. ಮೊದಲು ಒಂದು ಮೂಲೆಯಿಂದ, ಅನುಮಾನಿಸುವಷ್ಟು ಸಣ್ಣಗೆ, ಚರಚರ ಎಂದಿತು. ಆಮೇಲೆ ಇನ್ನೊಂದು ಮೂಲೆ. ಮೂವತ್ತೇಳು ತಟ್ಟೆಯೋ, ಮೂವತ್ತೋ, ಹತ್ತೋ? ಸದ್ದಿನಲ್ಲಿ ಎಣಿಸಲು ಆಗುವಂತಿದ್ದರೆ ಎಣಿಸಿಬಿಡುತ್ತಿದ್ದ.

ಆವುಲಪ್ಪ ಹೊರಬಂದ. “ಎರಡು ತಟ್ಟೆ ಹೋಯ್ತು. ಮೂರನೇದು ಅರ್ಧ. ಮಿಕ್ಕಿದ್ದು ತಿಂತಾ ಐತೆ. ಆದ್ರೆ ಎರಡು ದಿನ ನೋಡ್ಬೇಕು,” ಎಂದ. ಬೇಲಿಯವರೆಗೆ ಹೋಗಿ ತಿರುಗಿದ. “ನಾಳೆ ಡೇರಿ ಹತ್ರ ಸಿಗು. ಇಪ್ಪತ್ತು ಜನಕ್ಕೂ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಯಾರೂ ನಂಬಲ್ಲ.”

ಆ ಎರಡು ದಿನ ಮೂರಾಯಿತು. ವೆಂಕಟರವಣಪ್ಪ ಕಟ್ಟೆಯ ಮೇಲೆ ಉಂಡ, ಕಟ್ಟೆಯ ಮೇಲೆ ಮಲಗಿದ, ಸತ್ತ ಹುಳುಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ. ಡೇರಿಯಲ್ಲಿ ತಾನೇ ಹೇಳಿದ. ಹೇಳುವಾಗ ಆವುಲಪ್ಪ ಅವನ ಪಕ್ಕದಲ್ಲೇ ನಿಂತು, ಬಿಟ್ಟುಹೋದದ್ದನ್ನು ನೆನಪಿಸಿದ. ನಾಯಿಯನ್ನು ಮಾತ್ರ ಬಾಚಲಿಲ್ಲ. ಅದು ಬಾಚಣಿಗೆ ಕಚ್ಚಿಕೊಂಡು ಬಂದು ಮುಂದಿಟ್ಟರೂ ಮುಟ್ಟಲಿಲ್ಲ.

ಮೂರನೆಯ ದಿನದ ಬೆಳಿಗ್ಗೆ ಗಂಗುಲಮ್ಮ ಬಾಗಿಲು ತೆಗೆದಳು. ಅವಳ ಅಂಗೈಯಲ್ಲಿ ಒಂದು ಹುಳು. ಬಿಳುಪು ಹೋಗಿ ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕು ಹಾಯುವಂತಾಗಿತ್ತು. ಹಣ್ಣಾಗಿತ್ತು.

“ಔಷಧಿ ತಗುಲಿದ್ದ ಮೊದಲನೇ ಸ್ಟ್ಯಾಂಡೂ?” ಎಂದ.

“ಅದೂವೆ. ಚಂದ್ರಿಕೆಗೆ ಬಿಡೋಕೆ ಒಂದು ಕೈ ಸಾಲದು.”

ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ಅವನು ಅವನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದ. ಗಂಗುಲಮ್ಮ ದಾರಿ ಬಿಡಲಿಲ್ಲ. ಕೈ ಚಾಚಿ ನಿಂತಳು.

ವೆಂಕಟರವಣಪ್ಪ ಚಂದ್ರಿಕೆ ಇಳಿಸಿ, ಎರಡೂ ಅಂಗೈ ಮುಂದೆ ಹಿಡಿದ. ಅವಳು ಹಿಡಿದು ಮೂಸಿದಳು. ಮಗುಚಿ ಮತ್ತೊಮ್ಮೆ ಮೂಸಿದಳು. ಅವಸರವೇನೂ ಮಾಡಲಿಲ್ಲ.

“ಇನ್ನೊಂದು ಸಲ ತೊಳ್ಕೊಂಡು ಬನ್ನಿ,” ಎಂದಳು.

ಅವನು ಎದುರಾಡದೆ ಬಚ್ಚಲಿನ ಕಡೆ ನಡೆದ.